ವಜ್ರ ಸಿಗುವ ಮೊದಲೇ ಕೊಟ್ಟ ಮಾತು

ಹೋದ ಸಂಚಿಕೆಯಲ್ಲಿ ದೇಶ ಕಟ್ಟಿದ ನಾಯಕರ ಬಗ್ಗೆ ಒಬ್ಬರು ಕೇಳಿದ್ದರು. ಉತ್ತರದಲ್ಲಿ ನಾನು ಆಫ್ರಿಕಾದ ಬೋಟ್ಸ್ವಾನಾ ದೇಶದ ಮೊದಲ ಅಧ್ಯಕ್ಷ ಸೆರೆಟ್ಸೆ ಖಾಮಾ ಅವರ ಹೆಸರು ಬರೆದಿದ್ದೆ. ಈ ಸಲ ಬಂದ ಪತ್ರಗಳಲ್ಲಿ ಅವರ ಮೇಲಿನ ಪ್ರಶ್ನೆಗಳೇ ಜಾಸ್ತಿ. ಹಾಗಾಗಿ ಈ ತಿಂಗಳ ಅಂಕಣ ಪೂರ್ತಿ ಅವರಿಗೇ.

ಮೇಡಂ, ಮಂಡೇಲಾ, ನೆಹರೂ ಅಂತ ಅಷ್ಟು ದೊಡ್ಡ ಹೆಸರುಗಳಿರುವಾಗ ಇವರನ್ನೇ ಯಾಕೆ ಆರಿಸಿದಿರಿ? ನಾವು ಈ ಹೆಸರನ್ನು ಕೇಳೇ ಇರಲಿಲ್ಲ.
– ಪದವಿ ವಿದ್ಯಾರ್ಥಿನಿ, ಹಾವೇರಿ

ಕೇಳಿರಲಿಲ್ಲ ಅನ್ನುವುದು ನಿಮ್ಮ ತಪ್ಪಲ್ಲಮ್ಮ. ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದಾಗ ಆಫ್ರಿಕಾ ಅಂದ್ರೆ ಯುರೋಪಿನವರು ಹಂಚಿಕೊಂಡ ಒಂದು ಭೂಪಟ, ಅಷ್ಟೇ. ಆಮೇಲೆ ಅಲ್ಲಿಯ ಜನ ಏನು ಮಾಡಿದರು ಅನ್ನುವುದಕ್ಕೆ ಪಾಠದಲ್ಲಿ ಜಾಗವೇ ಇರುತ್ತಿರಲಿಲ್ಲ.

ಇವರನ್ನು ಆರಿಸಿದ್ದು ಯಾಕೆ ಅಂದ್ರೆ, ಅವರ ಕೈಗೆ ಬಂದ ದೇಶದಲ್ಲಿ ಹೆಚ್ಚುಕಮ್ಮಿ ಏನೂ ಇರಲಿಲ್ಲ. 1966ರ ಸೆಪ್ಟೆಂಬರ್ 30ರಂದು ಬೋಟ್ಸ್ವಾನಾ ಸ್ವತಂತ್ರವಾಯಿತು. ಆಗ ಅಲ್ಲಿದ್ದ ಡಾಂಬರು ರಸ್ತೆ 12 ಕಿಲೋಮೀಟರ್. ಪದವಿ ಪಡೆದವರು 22 ಜನ. ಅದಕ್ಕೂ ಮೊದಲು ಎಂಥ ಬರ ಬಿದ್ದಿತ್ತೆಂದರೆ, ದನ ಸಾಕಿಯೇ ಬದುಕುವ ಜನರ ದನಗಳಲ್ಲಿ ಮೂರರಲ್ಲೊಂದು ಪಾಲು ಸತ್ತಿದ್ದವು. ಬಜೆಟ್ ತುಂಬಿಸಲು ಬ್ರಿಟನ್ನಿನ ದುಡ್ಡು ಬೇಕಿತ್ತು. ಬ್ರಿಟಿಷರು ಈ ನಾಡನ್ನು ಆಳಿದ್ದಾದರೂ ಎಲ್ಲಿ ಕೂತು? ಗಡಿಯಾಚೆ, ದಕ್ಷಿಣ ಆಫ್ರಿಕಾದ ಮಾಫೆಕಿಂಗ್ ಊರಿನಲ್ಲಿ. ಹಾಗಾಗಿ ಗ್ಯಾಬರೋನ್ ಅನ್ನುವ ರಾಜಧಾನಿಯನ್ನು ಸ್ವಾತಂತ್ರ್ಯಕ್ಕೆ ಸ್ವಲ್ಪ ಮುಂಚೆ ಹೊಸದಾಗಿ ಕಟ್ಟಬೇಕಾಯಿತು.

ಸುತ್ತ ಯಾರಿದ್ದರು ನೋಡಿ. ದಕ್ಷಿಣಕ್ಕೆ ವರ್ಣಭೇದದ ದಕ್ಷಿಣ ಆಫ್ರಿಕಾ. ಪಶ್ಚಿಮದ ನಮೀಬಿಯಾ ಕೂಡ ಅವರ ಹಿಡಿತದಲ್ಲೇ. ಪೂರ್ವಕ್ಕೆ ಬಿಳಿಯರ ಆಡಳಿತದ ರೊಡೇಷಿಯಾ. ಸಮುದ್ರ ಇಲ್ಲ, 1977ರವರೆಗೆ ಸ್ವಂತ ಸೈನ್ಯವೂ ಇಲ್ಲ. ಇಂಥ ಕಡೆ ಬಿಡದೆ ಚುನಾವಣೆ ನಡೆಸಿ, ಬಣ್ಣ ನೋಡದೆ ಎಲ್ಲರಿಗೂ ಒಂದೇ ಓಟು ಕೊಟ್ಟು ತೋರಿಸಿದವರು ಸೆರೆಟ್ಸೆ.

ಅವರ ಮದುವೆಯಿಂದ ಬ್ರಿಟನ್ನಿನಲ್ಲಿ ದೊಡ್ಡ ರಾದ್ಧಾಂತ ಆಯಿತಂತೆ, ನಿಜವಾ?
– ಗೃಹಿಣಿ, ಪುತ್ತೂರು

ನಿಜ. ಅದನ್ನು ಬರೀ ಪ್ರೇಮಕಥೆ ಮಾಡಿ ಹೇಳುವವರೇ ಜಾಸ್ತಿ. ನನಗೆ ಅದರೊಳಗಿನ ರಾಜಕೀಯ ಮುಖ್ಯ.

ಸೆರೆಟ್ಸೆ ಬಾಮಂಗ್ವಾಟೊ ಬುಡಕಟ್ಟಿನ ಅರಸು ಮನೆತನದವರು. ನಾಲ್ಕನೇ ವಯಸ್ಸಿಗೇ ತಂದೆಯನ್ನು ಕಳೆದುಕೊಂಡರು. ಹುಡುಗನ ಪರವಾಗಿ ಚಿಕ್ಕಪ್ಪ ಟ್ಶೆಕೆಡಿ ಖಾಮಾ ಆಳುತ್ತಿದ್ದರು. ಹುಡುಗ ಕಾನೂನು ಓದಲು ಲಂಡನ್ನಿಗೆ ಹೋಗಿ, 1948ರಲ್ಲಿ ರೂತ್ ವಿಲಿಯಮ್ಸ್ ಎಂಬ ಇಂಗ್ಲಿಷ್ ಹುಡುಗಿಯನ್ನು ಮದುವೆಯಾದರು. ಆಕೆ ಆಫೀಸಿನಲ್ಲಿ ಗುಮಾಸ್ತೆ. ಚರ್ಚಿನಲ್ಲಿ ಮದುವೆಗೆ ಒಪ್ಪಲಿಲ್ಲ, ರಿಜಿಸ್ಟರ್ ಆಫೀಸಿನಲ್ಲಿ ಆಯಿತು. ಅತ್ತ ಚಿಕ್ಕಪ್ಪ ಕೆಂಡವಾದರು.

ಮುಂದೆ ನಡೆದದ್ದು ಸೆರೋವೆ ಊರಿನ ಕ್ಗೋಟ್ಲಾದಲ್ಲಿ. ಕ್ಗೋಟ್ಲಾ ಅಂದ್ರೆ ಮರದ ದಿಮ್ಮಿಗಳನ್ನು ಅರ್ಧಚಂದ್ರದ ಹಾಗೆ ನೆಟ್ಟ ಬಯಲು. ನಮ್ಮೂರ ಅರಳಿಕಟ್ಟೆ ಇದ್ದ ಹಾಗೆ, ಆದ್ರೆ ಅಲ್ಲಿ ಆಡಿದ ಮಾತಿಗೆ ತೂಕ ಜಾಸ್ತಿ. ಅರಸನ ಎದುರೇ ಅವನ ತಪ್ಪು ಎತ್ತಿ ಆಡಬಹುದು. ಮೊದಲ ಎರಡು ಸಭೆಗಳಲ್ಲಿ ಒಮ್ಮತ ಬರಲಿಲ್ಲ. 1949ರ ಜೂನಿನಲ್ಲಿ ಮೂರನೇ ಸಭೆ. ಯಾರು ನನ್ನನ್ನೂ ನನ್ನ ಹೆಂಡತಿಯನ್ನೂ ಒಪ್ಪುವುದಿಲ್ಲವೋ ಅವರು ಎದ್ದು ನಿಲ್ಲಿ ಅಂದರು ಸೆರೆಟ್ಸೆ. ನಲವತ್ತರಷ್ಟು ಹಿರಿಯರು ಎದ್ದರು. ಒಪ್ಪುವವರು ಏಳಿ ಅಂದಾಗ ಸಾವಿರಾರು ಜನ ಒಟ್ಟಿಗೇ ಎದ್ದರು. ಇಪ್ಪತ್ತೇಳು ವಯಸ್ಸಿನ ಹುಡುಗ ತನ್ನ ಹಣೆಬರಹವನ್ನು ಹೀಗೆ ಜನರ ಕೈಗೆ ಕೊಟ್ಟಿದ್ದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಅದೇ ವರ್ಷ ದಕ್ಷಿಣ ಆಫ್ರಿಕಾ ಬಿಳಿಯರು ಮತ್ತು ಕರಿಯರ ನಡುವಿನ ಮದುವೆಯನ್ನು ಕಾನೂನು ತಂದು ನಿಷೇಧಿಸಿತು. ಪಕ್ಕದಲ್ಲೇ ಒಬ್ಬ ಕಪ್ಪು ಅರಸ, ಬಿಳಿ ರಾಣಿ ಇದ್ದರೆ ಅವರಿಗೆ ಹೇಗೆ ಸಹಿಸೀತು? ಬ್ರಿಟನ್ನಿಗೆ ದಕ್ಷಿಣ ಆಫ್ರಿಕಾದ ಚಿನ್ನ, ಯುರೇನಿಯಂ ಬೇಕಿತ್ತು. 1950ರಲ್ಲಿ ಮಾತುಕತೆಗೆ ಅಂತ ಸೆರೆಟ್ಸೆಯನ್ನು ಲಂಡನ್ನಿಗೆ ಕರೆಸಿಕೊಂಡು, ಇನ್ನು ಊರಿಗೆ ಹೋಗುವಂತಿಲ್ಲ ಅಂದರು. ಈತ ಅರಸನಾಗಲು ಯೋಗ್ಯ ಅಂತ ಬ್ರಿಟಿಷರದೇ ವಿಚಾರಣಾ ಸಮಿತಿ ಹೇಳಿತ್ತು. ಆ ವರದಿಯನ್ನು ಮುಚ್ಚಿಟ್ಟರು.

1956ರಲ್ಲಿ ವಾಪಸ್ ಬರಲು ಬಿಟ್ಟರು. ಅದಕ್ಕೆ ಬೆಲೆಯಾಗಿ ತಾನೂ ತನ್ನ ಮಕ್ಕಳೂ ಅರಸುತನ ಕೇಳುವುದಿಲ್ಲ ಅಂತ ಬರೆದುಕೊಡಬೇಕಾಯಿತು. ಬರೆದುಕೊಟ್ಟರು. ಚಿಕ್ಕಪ್ಪನ ಜತೆ ರಾಜಿಯೂ ಆಯಿತು. 1962ರಲ್ಲಿ ಪಕ್ಷ ಕಟ್ಟಿದರು. 1965ರ ಮೊದಲ ಚುನಾವಣೆಯಲ್ಲಿ 31ರಲ್ಲಿ 28 ಸೀಟು. ಅಷ್ಟೆಲ್ಲ ಅನುಭವಿಸಿದ ಮನುಷ್ಯ ಬಿಳಿಯರ ಮೇಲೆ ಸೇಡಿನ ಮಾತಾಡಿ ಓಟು ಕೇಳಲಿಲ್ಲ.

ವಜ್ರ ಸಿಕ್ಕಿತು, ದೇಶ ಉದ್ಧಾರ ಆಯಿತು. ಇದರಲ್ಲಿ ನಾಯಕನ ಹೆಚ್ಚುಗಾರಿಕೆ ಏನು ಬಂತು? ಅದೃಷ್ಟ ಅಷ್ಟೇ ಅಲ್ವಾ?
– ನಿವೃತ್ತ ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ

ನಿಮ್ಮ ಪ್ರಶ್ನೆಗೆ ನಾನು ಕಾಯುತ್ತಿದ್ದೆ ಸರ್. ಅದೃಷ್ಟ ಒಂದರಿಂದಲೇ ಆಗುವುದಿದ್ದರೆ ಕಾಂಗೋ, ಸಿಯೆರಾ ಲಿಯೋನ್, ಅಂಗೋಲಾ ಕೂಡ ಉದ್ಧಾರ ಆಗಬೇಕಿತ್ತು. ಅಲ್ಲೂ ವಜ್ರ ಇತ್ತು. ಅಲ್ಲಿ ಅದು ಬಂದೂಕಿಗೆ ದುಡ್ಡಾಯಿತು.

ಬೋಟ್ಸ್ವಾನಾದಲ್ಲಿ ಹಾಗಾಗದೆ ಇದ್ದದ್ದಕ್ಕೆ ಮುಖ್ಯ ಕಾರಣ ಒಂದು ಕಾನೂನು. ಮೊದಲು ಅಲ್ಲಿ ನೆಲದಡಿಯ ಖನಿಜ ಆಯಾ ಬುಡಕಟ್ಟಿನ ಸ್ವತ್ತು. ಸೆರೆಟ್ಸೆಯ ಪಕ್ಷ 1965ರ ಚುನಾವಣೆಗೇ ಹೇಳಿತ್ತು: ಖನಿಜ ಇಡೀ ದೇಶದ್ದಾಗಬೇಕು. 1967ರಲ್ಲಿ ಗಣಿ ಮತ್ತು ಖನಿಜ ಕಾಯ್ದೆ ಬಂತು. ಅದೇ ವರ್ಷ ಒರಾಪಾದಲ್ಲಿ ವಜ್ರದ ನಿಕ್ಷೇಪ ಪತ್ತೆಯಾಯಿತು. ಒರಾಪಾ ಇದ್ದದ್ದು ಯಾರ ಸೀಮೆಯಲ್ಲಿ ಗೊತ್ತಾ? ಸೆರೆಟ್ಸೆಯದೇ ಬಾಮಂಗ್ವಾಟೊ ಸೀಮೆಯಲ್ಲಿ. ತನ್ನ ಜನರ ಪಾಲಾಗಬಹುದಾದ ಸಂಪತ್ತನ್ನು ಅವರು ಎಲ್ಲ ಬುಡಕಟ್ಟುಗಳಿಗೂ ಸೇರಿಸಿದರು.

ಎಲ್ಲರೂ ಇದಕ್ಕೆ ತಲೆಯಾಡಿಸಲಿಲ್ಲ. ಅರಸರ ಅಧಿಕಾರ ಹೀಗೆ ಒಂದೊಂದಾಗಿ ಸರ್ಕಾರಕ್ಕೆ ಹೋಗುವುದು ಬಾಂಗ್ವಾಕೆಟ್ಸೆ ಬುಡಕಟ್ಟಿನ ಅರಸ ಎರಡನೇ ಬಾಥೋನ್‌ಗೆ ಹಿಡಿಸಲಿಲ್ಲ. ಅವರು ಅರಸುತನ ಬಿಟ್ಟು ವಿರೋಧ ಪಕ್ಷ ಸೇರಿ, 1969ರಲ್ಲಿ ಉಪಾಧ್ಯಕ್ಷ ಕ್ವೆಟ್ ಮಸೀರೆಯನ್ನೇ ಸೋಲಿಸಿದರು. ಮುಂದೆ ಜಗತ್ತಿನ ಅತಿ ಶ್ರೀಮಂತ ವಜ್ರದ ಗಣಿಗಳಲ್ಲೊಂದಾದ ಜ್ವಾನೆಂಗ್ ಸಿಕ್ಕಿದ್ದು ಅದೇ ಬಾಂಗ್ವಾಕೆಟ್ಸೆ ಸೀಮೆಯಲ್ಲಿ! ಹಳೆಯ ಪದ್ಧತಿಯೇ ಇದ್ದಿದ್ದರೆ ಒರಾಪಾದವರು ಒಂದು ಕಡೆ, ಜ್ವಾನೆಂಗಿನವರು ಒಂದು ಕಡೆ, ಏನೂ ಇಲ್ಲದವರು ಇನ್ನೊಂದು ಕಡೆ ನಿಲ್ಲುತ್ತಿದ್ದರು. ಪಾಲು ಕೇಳುವ ಜಗಳಕ್ಕೆ ಬುಡಕಟ್ಟಿನ ಹೆಸರು ಸಿಕ್ಕಿಬಿಟ್ಟರೆ ಅದನ್ನು ಆರಿಸುವುದು ಎಷ್ಟು ಕಷ್ಟ ಅಂತ ನಾನು ಹೇಳಬೇಕಾಗಿಲ್ಲ.

ನೀವು ಬ್ಯಾಂಕಿನವರು, ಇದು ನಿಮಗೆ ಇಷ್ಟವಾಗುತ್ತದೆ: ವಜ್ರದ ಗಣಿ ನಡೆಸುವ ಡಿ ಬೀರ್ಸ್ ಕಂಪನಿಯ ಜತೆಗಿನ ಮೊದಲ ಒಪ್ಪಂದದಲ್ಲಿ ಗಣಿಯಲ್ಲಿ ಸರ್ಕಾರದ ಪಾಲು ಬರೀ ಶೇ. 15. 1975ರಲ್ಲಿ ಕೂತು ಮಾತಾಡಿ ಅದನ್ನು ಶೇ. 50ಕ್ಕೆ ಏರಿಸಿದರು. ಗಣಿಯನ್ನು ಕಿತ್ತುಕೊಳ್ಳಲಿಲ್ಲ, ಕಂಪನಿಯನ್ನು ಓಡಿಸಲೂ ಇಲ್ಲ. ಬಂದ ದುಡ್ಡು ರಸ್ತೆ, ಶಾಲೆ, ಆಸ್ಪತ್ರೆಗೆ ಹೋಯಿತು. ಈ ಲೆಕ್ಕಾಚಾರದ ಹಿಂದೆ ಮಸೀರೆಯವರ ಬುದ್ಧಿಯೂ ಬಹಳ ಇದೆ. ಪತ್ರಿಕೋದ್ಯಮ, ಬೇಸಾಯದಿಂದ ಬಂದ ಮನುಷ್ಯ, ಬೇರೆ ಬುಡಕಟ್ಟಿನವರು. ಸೋತ ಮೇಲೂ ಸೆರೆಟ್ಸೆ ಅವರನ್ನು ಬಿಡಲಿಲ್ಲ. 1980ರ ಜುಲೈನಲ್ಲಿ ಸೆರೆಟ್ಸೆ ಕ್ಯಾನ್ಸರಿನಿಂದ ತೀರಿಕೊಂಡಾಗ ಅಧ್ಯಕ್ಷರಾದವರೂ ಮಸೀರೆಯೇ.

ತಪ್ಪುಗಳೇ ಇರಲಿಲ್ವಾ? ಈಗ ಅಲ್ಲಿ ಪರಿಸ್ಥಿತಿ ಹೇಗಿದೆ?
– ಪಿಯು ಉಪನ್ಯಾಸಕರು, ಕಲಬುರಗಿ

ಇದ್ದವು. ಕಲಹರಿ ಮರುಭೂಮಿಯ ಮೂಲನಿವಾಸಿಗಳಾದ ಸಾನ್ ಜನರಿಗೆ ಈ ಸಮಾನತೆಯಲ್ಲಿ ಸರಿಯಾದ ಜಾಗ ಸಿಗಲಿಲ್ಲ. ಮುಂದೆ ಅವರನ್ನು ಅವರದೇ ನೆಲದಿಂದ ಎಬ್ಬಿಸಿದರು, 2006ರಲ್ಲಿ ಹೈಕೋರ್ಟು ಅದು ತಪ್ಪು ಅಂತ ಹೇಳಬೇಕಾಯಿತು. ಒಂದು ದೇಶ, ಒಂದು ಜನ ಅನ್ನುವ ಭರದಲ್ಲಿ ಕಲಾಂಗಾದಂಥ ಸಣ್ಣ ಭಾಷೆಗಳು ಶಾಲೆಯಿಂದ ಹೊರಗೇ ಉಳಿದವು. ತುಳು, ಕೊಡವ ಭಾಷೆಗಳ ಪಾಡು ನೋಡಿದವರಿಗೆ ಆ ನೋವು ಅರ್ಥವಾಗುತ್ತದೆ. ಮತ್ತೆ, ಇಡೀ ದೇಶ ವಜ್ರವನ್ನೇ ನೆಚ್ಚಿ ಕೂತಿದೆ. ಪ್ರಯೋಗಾಲಯದಲ್ಲಿ ಮಾಡುವ ಅಗ್ಗದ ವಜ್ರ ಬಂದ ಮೇಲೆ ಅಲ್ಲಿ ದುಡ್ಡಿಗೆ ತಾಪತ್ರಯ ಶುರುವಾಗಿದೆ. ಅಂಥ ವಜ್ರದಲ್ಲಿ ಒಂದಿಷ್ಟು ನಮ್ಮ ಸೂರತ್ತಿನಿಂದಲೇ ಹೋಗುತ್ತದೆ.

ಆದರೆ 2024ರ ಅಕ್ಟೋಬರ್ ಚುನಾವಣೆಯನ್ನು ನೋಡಿ. ಸೆರೆಟ್ಸೆ ಕಟ್ಟಿದ ಪಕ್ಷ ಸ್ವಾತಂತ್ರ್ಯದಿಂದ ಅಲ್ಲಿಯವರೆಗೆ, 58 ವರ್ಷ, ಬಿಡದೆ ಆಳಿತ್ತು. ಅದು ನೆಲ ಕಚ್ಚಿ ನಾಲ್ಕು ಸೀಟಿಗೆ ಇಳಿಯಿತು. ಎಣಿಕೆ ಪೂರ್ತಿ ಮುಗಿಯುವ ಮೊದಲೇ ಅಧ್ಯಕ್ಷ ಮಸೀಸಿ ಸೋಲು ಒಪ್ಪಿಕೊಂಡರು. ವಿರೋಧ ಪಕ್ಷದ ದುಮಾ ಬೋಕೊ ಅಧ್ಯಕ್ಷರಾಗಿ ಪ್ರಮಾಣವಚನ ತೆಗೆದುಕೊಂಡರು. ಗುಂಡು ಹಾರಲಿಲ್ಲ, ಸೈನ್ಯ ಬೀದಿಗೆ ಬರಲಿಲ್ಲ. ಸೆರೆಟ್ಸೆಯ ಪಕ್ಷಕ್ಕೆ ಅದು ಕೆಟ್ಟ ದಿನ ಇರಬಹುದು. ಅವರ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ದಿನ ನನಗೆ ಕಾಣುವುದಿಲ್ಲ.

ನನ್ನ ಮಗ ಗ್ಯಾಬರೋನ್‌ನಲ್ಲಿ ಅಕೌಂಟೆಂಟ್. ಮುಂದಿನ ವರ್ಷ ನಾನೂ ನಮ್ಮ ಮನೆಯವರೂ ಹೋಗಬೇಕು ಅಂತಿದ್ದೇವೆ. ಸೆರೆಟ್ಸೆಗೆ ಸಂಬಂಧಪಟ್ಟಿದ್ದು ಏನಾದ್ರೂ ನೋಡುವುದಿದೆಯಾ?
– ಓದುಗರು, ಮೈಸೂರು

ಖಂಡಿತ ಇದೆಯಮ್ಮ. ಮೊದಲು ಬೋಟ್ಸ್ವಾನಾ ವಿಶ್ವವಿದ್ಯಾಲಯದ ಆವರಣಕ್ಕೆ ಹೋಗಿ. ಅಲ್ಲಿ ದನ ಹೊಡೆದುಕೊಂಡು ಹೋಗುವ ಮನುಷ್ಯನ ಪ್ರತಿಮೆ ಇದೆ. ಮೊದಲು ಲೆಸೊಥೊ, ಸ್ವಾಜಿಲ್ಯಾಂಡ್, ಬೋಟ್ಸ್ವಾನಾ ಮೂರಕ್ಕೂ ಸೇರಿ ಒಂದೇ ವಿಶ್ವವಿದ್ಯಾಲಯ ಇತ್ತು. 1975ರಲ್ಲಿ ಲೆಸೊಥೊ ಹೊರಗೆ ಹೋಯಿತು. ತಮ್ಮದೇ ಕ್ಯಾಂಪಸ್ ಕಟ್ಟಲು ದುಡ್ಡು ಸಾಲದು. ಆಗ ಸೆರೆಟ್ಸೆ ಜನರ ಹತ್ತಿರ ಬೇಡಿದರು: ತಲೆಗೊಂದು ದನ ಕೊಡಿ. ದನ ಇದ್ದವರು ದನ ಕೊಟ್ಟರು. ಇಲ್ಲದವರು ಕಾಸು, ಕಾಳು, ಕೋಳಿಮೊಟ್ಟೆ ತಂದುಕೊಟ್ಟರು. ದನವೇ ಆಸ್ತಿಯಾದ ಊರಲ್ಲಿ, ಅಕ್ಷರ ಬಾರದವರೂ ವಿಶ್ವವಿದ್ಯಾಲಯಕ್ಕೆ ಅಂತ ಹಟ್ಟಿಯಿಂದ ದನ ಬಿಚ್ಚಿಕೊಟ್ಟರಲ್ಲ, ಅದಕ್ಕಿಂತ ದೊಡ್ಡ ನಂಬಿಕೆ ಬೇಕೇ?

ಆಮೇಲೆ ಸೆರೋವೆಗೆ ಹೋಗಿ. ಗ್ಯಾಬರೋನ್‌ನಿಂದ 300 ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ, ಬೆಳಗ್ಗೆ ಬೇಗ ಹೊರಡಿ. ಅವರ ಅಜ್ಜ ಮೂರನೇ ಖಾಮಾ ಹೆಸರಿನ ವಸ್ತುಸಂಗ್ರಹಾಲಯ ಅಲ್ಲಿದೆ. ಸೆರೆಟ್ಸೆಯ ಸಮಾಧಿಯೂ ಅದೇ ಊರಿನ ಗುಡ್ಡದ ಮೇಲೆ. ಪಕ್ಕದಲ್ಲೇ ರೂತ್. ಗಂಡ ತೀರಿಕೊಂಡ ಮೇಲೂ ಆಕೆ ಇಂಗ್ಲೆಂಡಿಗೆ ವಾಪಸ್ ಹೋಗಲಿಲ್ಲ, 2002ರಲ್ಲಿ ಸಾಯುವವರೆಗೆ ಅಲ್ಲೇ ಇದ್ದರು. ಗುಡ್ಡಕ್ಕೆ ಹೋಗಲು ಮೊದಲೇ ಅನುಮತಿ ಕೇಳಿಕೊಳ್ಳಿ. ಕ್ಗೋಟ್ಲಾವನ್ನೂ ನೋಡಿ. ಅದರೊಳಗೆ ಗಂಡಸರು ತಲೆಯ ಮೇಲಿನ ಟೋಪಿ ತೆಗೆಯುವುದು ವಾಡಿಕೆ, ಹೆಂಗಸರು ಪ್ಯಾಂಟ್ ಹಾಕಿ ಹೋಗುವುದಿಲ್ಲ. ನೀವು ಸೀರೆಯಲ್ಲೇ ಹೋಗಿ, ಯಾರೂ ತಡೆಯುವುದಿಲ್ಲ.