ಪೇಟೆಗೆ ಬರುವ ದಿನ ನೀರು ಕುಡಿಯುವುದನ್ನೇ ಬಿಡುವ ತಾಯಂದಿರು

ಇದನ್ನು ಒಬ್ಬ ತಾಯಿ-ಮಗಳ ಪ್ರಕರಣವಾಗಿ ಬರೆಯುತ್ತಿದ್ದರೂ, ಆಪ್ತಸಲಹೆಗಾರ್ತಿಯಾದ ನನ್ನ ಎದುರಿಗೆ ಇದೇ ಕಥೆ ಬೇರೆ ಬೇರೆ ಮುಖಗಳಲ್ಲಿ ಮತ್ತೆ ಮತ್ತೆ ಬಂದು ಕೂತಿದೆ. ಗುರುತು ಸಿಗಬಾರದೆಂದು ನೌಕರಿ, ವಯಸ್ಸು, ಊರು ಬದಲಿಸಿದ್ದೇನೆ. ಬಿಸಿಲು, ಬಸ್ಸು, ಮಾತ್ರೆಗಳ ವಿಷಯ ಬದಲಿಸಿಲ್ಲ.

ಮಗಳಿಗೆ 47 ವರ್ಷ, ಆಳಂದ ಕಡೆಯ ಒಂದು ಹಳ್ಳಿಯಲ್ಲಿ ಶಿಕ್ಷಕಿ. ತಾಯಿಗೆ 76. ಸಕ್ಕರೆ ಕಾಯಿಲೆ, ಬಿಪಿ, ಮೊಣಕಾಲು ನೋವು. ಅಣ್ಣಂದಿರಿಬ್ಬರು ಪುಣೆಯಲ್ಲಿ. ತಿಂಗಳಿಗೊಂದು ದಿನ ಮಗಳು ರಜೆ ಹಾಕಿ ತಾಯಿಯನ್ನು ಕಲಬುರಗಿಗೆ ಕರೆತರುತ್ತಾಳೆ. ಬೆಳಿಗ್ಗೆ 6ರ ಬಸ್ಸು, ಲ್ಯಾಬು, ಬ್ಯಾಂಕು, ಡಾಕ್ಟರು, ಮೆಡಿಕಲ್ ಅಂಗಡಿ, ಸಂಜೆ ಮರಳಿ ಬಸ್ಸು. ಆಕೆ ನನ್ನ ಬಳಿ ಬಂದದ್ದು ತನ್ನ ಸಿಟ್ಟಿನ ಬಗ್ಗೆ ಹೇಳಿಕೊಳ್ಳಲು. "ಬ್ಯಾಂಕಿನ್ಯಾಗ ಎಲ್ಲಾರ ಮುಂದ ನಮ್ಮವ್ವಗ ಬೈದೆ ಮೇಡಂ. ಮಂದಿ ತಿರುಗಿ ನೋಡಿದ್ರು. ನಂಗ ಏನಾಗ್ಯಾದ ತಿಳೀವಲ್ದು."

ಆಕೆಯ ದೂರುಗಳು ಮೂರು. ಲ್ಯಾಬಿನಲ್ಲಿ ಅವ್ವ ಮೂತ್ರದ ಸ್ಯಾಂಪಲ್ ಕೊಡುವುದಿಲ್ಲ, "ಬರವಲ್ದು" ಎಂದು ಒಂದೊಂದು ತಾಸು ಕೂರಿಸುತ್ತಾಳೆ. ದಾರಿಯಲ್ಲಿ ಎಷ್ಟು ಹೇಳಿದರೂ ನೀರು ಕುಡಿಯುವುದಿಲ್ಲ. ಎಷ್ಟೇ ಹೊತ್ತಾಗಿದ್ದರೂ ಕಲಬುರಗಿಯ ಬ್ರಹ್ಮಪುರದಲ್ಲಿರುವ ತನ್ನ ತಂಗಿಯ ಮನೆಗೆ ಹೋಗಲೇಬೇಕೆಂದು ಹಟ ಹಿಡಿಯುತ್ತಾಳೆ, ಹೋದರೆ ಐದು ನಿಮಿಷವೂ ಸರಿಯಾಗಿ ಮಾತಾಡುವುದಿಲ್ಲ.

ಮೊದಲ ಎರಡು ಭೇಟಿಗಳಲ್ಲಿ ನಾನು ಸಿಟ್ಟಿನ ಬಗ್ಗೆಯೇ ಮಾತಾಡಿದೆ. ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ, ಅಣ್ಣಂದಿರ ಜೊತೆ ಜವಾಬ್ದಾರಿ ಹಂಚಿಕೊಳ್ಳುವ ಮಾತೂ ಆಯಿತು. ತಪ್ಪೇನಲ್ಲ, ಆದರೆ ಮೊದಲು ನೋಡಬೇಕಾದ್ದು ಅದಾಗಿರಲಿಲ್ಲ.

ಮೂರನೆಯ ಸಲ ಏಪ್ರಿಲ್‌ನಲ್ಲಿ, ಊರಿಗೆ ಹೋಗುವ ಮುಂಚೆ ತಾಯಿಯನ್ನೂ ಕರೆತಂದಿದ್ದಳು. ಹೊರಗೆ 40 ಡಿಗ್ರಿ ದಾಟಿದ ಬಿಸಿಲು. ಇಬ್ಬರ ಮುಂದೆಯೂ ನೀರಿನ ಗ್ಲಾಸು ಇಟ್ಟೆವು. ಮಗಳು ಎರಡು ಗ್ಲಾಸು ಮುಗಿಸಿದಳು. ತಾಯಿಯ ತುಟಿ ಒಣಗಿತ್ತು, ಮಾತಾಡುವಾಗ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು, ಗ್ಲಾಸು ಮುಟ್ಟಲಿಲ್ಲ. ಮಗಳನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ, "ಯಾಕ್ರಿ ಅವ್ವಾ, ನೀರ ಸೇರಂಗಿಲ್ಲೇನು?" ಎಂದೆ.

"ಸೇರಲಾರದ ಏನು ಯವ್ವಾ. ಕುಡದ್ರ ಎಲ್ಲಿ ಹೋಗ್ಲಿ? ಬ್ಯಾಂಕಿನ್ಯಾಗ ಕೇಳಿದ್ರ ಇಲ್ಲಂತಾರ. ಲ್ಯಾಬಿನ್ಯಾಗ ಕೆಳಗ ಕೂಡೂದದ, ಕೂತ್ರ ಏಳಾಕ ಬರಂಗಿಲ್ಲ. ಒಮ್ಮೆ ಬಸ್ಸಿನ್ಯಾಗ ಸೀರಿ ತೊಯ್ದಿತ್ತು. ಅವತ್ತಿಂದ ಹಿಂದಿನ ದಿನಾನೇ ನೀರ ಬಿಡ್ತೀನಿ. ಬಿಪಿ ಗುಳಿಗೀನೂ ಎರಡು ದಿನ ಬಿಡ್ತೀನಿ, ಅದು ಭಾಳ ಓಡಸ್ತದ."

ತಂಗಿಯ ಮನೆಗೇಕೆ ಹೋಗಬೇಕು ಎಂದು ಆಮೇಲೆ ಕೇಳುವ ಅಗತ್ಯವೇ ಬೀಳಲಿಲ್ಲ. ಅಲ್ಲಿ ಕಮೋಡ್ ಇದೆ.

ಮಗಳನ್ನು ಒಳಗೆ ಕರೆಯಲು ತಾಯಿ ಒಪ್ಪಿದರು, ಅವರ ಮಾತಿನಲ್ಲೇ ಹೇಳಿಸಿದೆ. ಮಗಳು ಕೇಳಿದ್ದು ಒಂದೇ: "ನಂಗ್ಯಾಕ ಹೇಳಲಿಲ್ಲ ಯವ್ವಾ?" ತಾಯಿ, "ನೀ ಓಡೂ ಗಡಿಬಿಡಿನ್ಯಾಗ ಎಲ್ಲಿ ಹೇಳ್ಲಿ. ಡಾಕ್ಟರ್ ನನ್ನ ಕೇಳಿದ್ರೂ ನೀನೇ ಹೇಳ್ತಿ" ಅಂದರು.

ಇದು ನಾಚಿಕೆಯಲ್ಲಿ ಮುಗಿಯುವ ವಿಷಯವಲ್ಲ. ಆ ಬಿಪಿ ಗುಳಿಗೆಯಲ್ಲಿ ಮೂತ್ರ ಹೆಚ್ಚಿಸುವ ಔಷಧವೂ ಸೇರಿತ್ತು. ಎರಡು ದಿನ ಗುಳಿಗೆ ಬಿಟ್ಟು, ಮೂತ್ರ ಹಿಡಿದುಕೊಂಡು, ಮೆಟ್ಟಿಲು ಹತ್ತಿ ಬಂದು ಕೂತ ಕೂಡಲೇ ಬಿಪಿ ನೋಡಿದರೆ ಅಂಕಿ ಏರಿಯೇ ಇರುತ್ತದೆ. ಡಾಕ್ಟರು ತಮ್ಮ ಮುಂದಿದ್ದ ಅಂಕಿ ನೋಡಿ ಡೋಸ್ ಹೆಚ್ಚಿಸಿದ್ದರು. ಊರಲ್ಲಿ ತಾಯಿ ಆ ಹೆಚ್ಚಿದ ಡೋಸ್ ತಪ್ಪದೆ ನುಂಗುತ್ತಿದ್ದರು. ಎದ್ದು ನಿಂತಾಗ ತಲೆ ತಿರುಗುವುದು, ರಾತ್ರಿ ಬಚ್ಚಲಿಗೆ ಹೋಗುವಾಗ ಜೋಲಿ ಹೊಡೆಯುವುದು ಶುರುವಾಗಿದ್ದು ಆಮೇಲೆ. ಮನೆಯವರು ವಯಸ್ಸಿನ ಮೇಲೆ ಹಾಕಿದ್ದರು. ನೀರು ಕಡಿಮೆಯಾದರೆ ರಕ್ತ ತೆಗೆಯಲು ನರ ಸಿಗುವುದೂ ಕಷ್ಟ, ಕಿಡ್ನಿಯ ಪರೀಕ್ಷೆಯ ಅಂಕಿಗಳೂ ಏರಬಹುದು. ಅಂದರೆ ಪರೀಕ್ಷೆಗೆಂದು ಬಂದ ದಿನವೇ ಪರೀಕ್ಷೆ ದಾರಿ ತಪ್ಪುತ್ತಿತ್ತು.

ಕೊಟ್ಟ ಸಲಹೆಯಲ್ಲಿ ಮೊದಲನೆಯದು, ಗುಳಿಗೆ ಬಿಟ್ಟದ್ದನ್ನು ಡಾಕ್ಟರಿಗೆ ಅದೇ ವಾರ ಹೇಳುವುದು. ಗುಳಿಗೆಯ ಹೊತ್ತು, ಡೋಸ್ ಬದಲಿಸುವುದು ನನ್ನ ಕೆಲಸವೂ ಅಲ್ಲ, ಮಗಳ ಕೆಲಸವೂ ಅಲ್ಲ. ಕೇಳಬೇಕಾದ ಪ್ರಶ್ನೆಯನ್ನು ಮಾತ್ರ ಚೀಟಿಯಲ್ಲಿ ಬರೆದುಕೊಟ್ಟೆ: "ಪ್ರಯಾಣದ ದಿನ ಈ ಗುಳಿಗೆಯನ್ನು ಮನೆಗೆ ಮರಳಿದ ಮೇಲೆ ಕೊಡಬಹುದೆ?" ಜೊತೆಗೆ ಏಳು ದಿನ ಮನೆಯಲ್ಲೇ ಬಿಪಿ ನೋಡಿ ಬರೆದಿಡುವ ಲೆಕ್ಕ. ಮೂತ್ರಕ್ಕೆ ಹೋಗಿ ಬಂದು, ಚಹಾ ಕುಡಿದು ಅರ್ಧ ತಾಸಾದರೂ ಕಳೆದ ಮೇಲೆ, ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಸುಮ್ಮನೆ ಕೂತು, ತೋಳು ಎದೆಯ ಮಟ್ಟಕ್ಕೆ ಇಟ್ಟು, ಒಂದು ನಿಮಿಷದ ಅಂತರದಲ್ಲಿ ಎರಡು ಸಲ, ಬೆಳಿಗ್ಗೆ, ಸಂಜೆ. ತಲೆ ತಿರುಗುವವರಿಗೆ ನಿಂತ ಮೇಲೆ ಒಂದನೆಯ ಮತ್ತು ಮೂರನೆಯ ನಿಮಿಷಕ್ಕೂ ನೋಡಬೇಕು. ಬಿಪಿಯ ಮೇಲಿನ ಅಂಕಿ ಕೂತಾಗಿನದಕ್ಕಿಂತ 20 ಅಥವಾ ಹೆಚ್ಚು ಇಳಿದರೆ ಅದನ್ನು ಡಾಕ್ಟರಿಗೆ ತೋರಿಸಲೇಬೇಕು. ಈ ವಹಿ ನೋಡಿದ ಮೇಲೆ ಡಾಕ್ಟರೇ ಡೋಸ್ ಇಳಿಸಿದರು.

ಎರಡನೆಯದು, ಖಾಲಿ ಹೊಟ್ಟೆಯ ಪರೀಕ್ಷೆಯ ತಪ್ಪು ತಿಳಿವಳಿಕೆ. ಖಾಲಿ ಹೊಟ್ಟೆ ಎಂದರೆ 8ರಿಂದ 10 ತಾಸು ಊಟ, ಚಹಾ, ಹಾಲು ಇಲ್ಲ. ಬರೀ ನೀರು ಕುಡಿಯಬಹುದು, ಕುಡಿಯಬೇಕು. ಊಟದ ನಂತರದ ಪರೀಕ್ಷೆಯ ಎರಡು ತಾಸನ್ನು ಊಟ ಮುಗಿದ ಹೊತ್ತಿನಿಂದ ಎಣಿಸುವವರೇ ಹೆಚ್ಚು, ಎಣಿಸಬೇಕಾದ್ದು ಮೊದಲ ತುತ್ತಿನಿಂದ. ಸಕ್ಕರೆ ಕಾಯಿಲೆಯ ಗುಳಿಗೆ ಡಾಕ್ಟರು ಹೇಳಿದಂತೆ ಊಟದ ಹೊತ್ತಿಗೆ, ಖಾಲಿ ಹೊಟ್ಟೆಯಲ್ಲಿ ಬಸ್ಸು ಹತ್ತುವ ಮುಂಚೆ ಅಲ್ಲ. ರಕ್ತದ ಸಕ್ಕರೆ ತೀರ ಇಳಿದು ಕೈ ನಡುಗಿ, ಬೆವೆತು, ಮಾತು ತೊದಲಿದರೆ ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿ 15 ನಿಮಿಷ ಕಾಯುವುದು, ಸುಧಾರಿಸದಿದ್ದರೆ ಇನ್ನೊಮ್ಮೆ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, ನೇರ ಆಸ್ಪತ್ರೆಗೆ.

ದಿನದ ಓಟವನ್ನು ತಿರುಗಿಸಿ ಕಟ್ಟಿದೆವು. ಇಲ್ಲಿಯವರೆಗೆ ಬ್ರಹ್ಮಪುರದ ಮನೆ ಕೊನೆಗೆ ಬರುತ್ತಿತ್ತು, ಈಗ ಅದೇ ತಂಗುದಾಣ. ಲ್ಯಾಬು ಅದರ ಹತ್ತಿರದ್ದೇ ಆರಿಸಿದ್ದು. ರಕ್ತ ಕೊಟ್ಟು ಅಲ್ಲಿಗೆ ಬಂದು, ರೊಟ್ಟಿ ತಿಂದು, ಎರಡು ತಾಸು ಮಲಗಿ, ಮತ್ತೆ ರಕ್ತ ಕೊಟ್ಟು ಬರುವುದು. ಮೂತ್ರದ ಬಾಟಲಿಯನ್ನು ಮುಂಚೆಯೇ ಇಸಿದುಕೊಂಡು ಅದೇ ಮನೆಯಲ್ಲಿ ಸ್ಯಾಂಪಲ್ ಹಿಡಿದು ಬೇಗ ಮುಟ್ಟಿಸುವುದು. ಡಾಕ್ಟರ ಭೇಟಿ ಬೇರೆ ದಿನ, ವರದಿ ಕೈಯಲ್ಲಿ ಹಿಡಿದು. ಬ್ಯಾಂಕಿನ ಕೆಲಸ ಆಳಂದದಲ್ಲೇ. ಎರಡು ತಾಸಿಗೊಮ್ಮೆ ಕೇಳದೆಯೇ ಬಚ್ಚಲಿಗೆ ಕರೆದೊಯ್ಯುವುದು, "ಬಂದದೇನು?" ಎಂದು ಮಂದಿಯ ನಡುವೆ ಕೇಳಿದರೆ ಯಾವ ತಾಯಿಯೂ ಹೌದೆನ್ನುವುದಿಲ್ಲ.

ಇದಕ್ಕೆ ಎರಡು ರಜೆ ಬೇಕು ಎಂದು ಮಗಳು ಒದ್ದಾಡಿದಳು. ಪುಣೆಯ ಅಣ್ಣ ತಿಂಗಳಿಗೊಂದು ದಿನ ಬರಲಿ ಎಂದೆ. ಎರಡು ತಿಂಗಳು ಬಂದ, ಮೂರನೆಯ ತಿಂಗಳು ಬರಲಿಲ್ಲ. ಬಸ್ ಸ್ಟ್ಯಾಂಡಿನಿಂದ ನಡೆಸಿಕೊಂಡು ಹೋಗುವ ಬದಲು ಆಟೊ ಮಾಡಿ ಎಂದಾಗ ಆಕೆ ದುಡ್ಡಿನ ಲೆಕ್ಕ ಹೇಳಿದಳು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸಿನಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ, ಉಳಿದ ಆ ದುಡ್ಡೇ ಆಟೊಕ್ಕೆ ಹೋಗಲಿ ಎಂದೆ. ಪ್ಯಾಡಿನ ಮಾತೆತ್ತಿದಾಗ ತಾಯಿ ಖಡಾಖಂಡಿತ ಬೇಡವೆಂದರು. ಒತ್ತಾಯಿಸಲಿಲ್ಲ. ಚೀಲದಲ್ಲಿ ಇನ್ನೊಂದು ಸೀರೆ, ಲಂಗ, ಒಂದು ಪ್ಲಾಸ್ಟಿಕ್ ಚೀಲ ಇರಲಿ ಎಂದಷ್ಟೇ ಹೇಳಿದೆ.

ಮೂತ್ರ ತಡೆಯಲಾಗದ್ದನ್ನು "ವಯಸ್ಸಾಯ್ತಲ್ಲ" ಎಂದು ಬಿಟ್ಟುಬಿಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಮೂತ್ರದ ಸೋಂಕು, ಏರಿದ ಸಕ್ಕರೆ, ಮಲಬದ್ಧತೆ, ಗರ್ಭಕೋಶ ಜಾರಿರುವುದು, ಇವೆಲ್ಲ ಕಾರಣವಿರಬಹುದು, ಎಲ್ಲಕ್ಕೂ ಚಿಕಿತ್ಸೆಯಿದೆ. ಸ್ತ್ರೀರೋಗ ತಜ್ಞರಿಗೆ ತೋರಿಸಲು ಕಳಿಸಿದೆ. ಅವರು ಹೇಳಿಕೊಟ್ಟ ವ್ಯಾಯಾಮ ಸರಳ: ಮೂತ್ರ ತಡೆಯುವಾಗ ಬಿಗಿಯುವ ಸ್ನಾಯುವನ್ನು ಐದು ಸೆಕೆಂಡು ಬಿಗಿಹಿಡಿದು ಬಿಡುವುದು, ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಗುಣ ಕಾಣಲು ಮೂರು ತಿಂಗಳಾದರೂ ಬೇಕು. ಎಷ್ಟೋ ಮಂದಿ ಅದಕ್ಕೂ ಮುಂಚೆಯೇ ಬಿಡುತ್ತಾರೆ.

ಬಚ್ಚಲು, ಗುಳಿಗೆ, ಆಟೊ, ಇದೆಂಥ ಆಪ್ತಸಲಹೆ ಎಂದು ಈ ವೃತ್ತಿಯವರೇ ಕೇಳಿದ್ದುಂಟು. ನಸುಕಿನಲ್ಲೆದ್ದು ಖಾಲಿ ಹೊಟ್ಟೆಯ ಮುದುಕಿಯನ್ನು ಕೈಹಿಡಿದು ಕೌಂಟರಿನಿಂದ ಕೌಂಟರಿಗೆ ಓಡುವ ಹೆಣ್ಣುಮಗಳಿಗೆ ಸಿಟ್ಟು ಬರುವುದು ರೋಗವಲ್ಲ. ಬೇನೆಯಿದ್ದದ್ದು ದಿನದ ಏರ್ಪಾಡಿನಲ್ಲಿ. ಅದನ್ನು ಬಿಟ್ಟು ಬಾಲ್ಯ ಕೆದಕುವುದರಲ್ಲಿ ನನಗೆ ನಂಬಿಕೆಯಿಲ್ಲ. ಅಣ್ಣಂದಿರ ಮೇಲಿನ ಅಸಮಾಧಾನ ಹಾಗೆಯೇ ಇದೆ, ಆ ಮಾತು ಮುಂದಿನ ಭೇಟಿಗಳಲ್ಲಿ ನಡೆದಿದೆ.

ಅವತ್ತು ಮಾತು ಮುಗಿಸಿ ಏಳುವಾಗ ತಾಯಿ ಗ್ಲಾಸಿನ ನೀರು ಕುಡಿದರು. ಕುಡಿದು, ದನಿ ಇಳಿಸಿ, "ನಿಮ್ಮಲ್ಲಿ ಎಲ್ಲದ ಯವ್ವಾ?" ಎಂದರು. ನಮ್ಮದು ಹಿತ್ತಲಿನಲ್ಲಿ, ಮೂರು ಮೆಟ್ಟಿಲ ಮೇಲೆ, ಕುಕ್ಕರಗಾಲಲ್ಲಿ ಕೂರುವಂಥದು. ಮಗಳು ಒಂದು ಕಡೆ, ನಾನೊಂದು ಕಡೆ ಹಿಡಿದು ಹತ್ತಿಸಿದೆವು. ಈಗ ಅಲ್ಲಿ ಕಮೋಡ್ ಕುರ್ಚಿ ಇದೆ, ಗೋಡೆಗೆ ಹಿಡಿಕೆ ಇದೆ. ಮೆಟ್ಟಿಲು ಇನ್ನೂ ಹಾಗೆಯೇ ಇವೆ.