ಬೀಟಲ್ಸ್‌ಗೆ ಸಿಕ್ಕ ಮಂತ್ರ: ಭಾವಾತೀತ ಧ್ಯಾನದ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಇಂಗ್ಲೆಂಡಿನ ರಾಕ್ ತಂಡ ಬೀಟಲ್ಸ್ ಋಷಿಕೇಶಕ್ಕೆ ಬಂದ ಮೇಲೆಯೇ ನಮ್ಮ ಧ್ಯಾನ ಇಂಗ್ಲೆಂಡ್, ಅಮೆರಿಕಗಳಿಗೆ ಹೋಯಿತು ಎಂದು ಎಲ್ಲ ಕಡೆ ಓದುತ್ತೇನೆ. ಇದು ನಿಜವೇ?

ಅರ್ಧ ನಿಜ. ಬೀಟಲ್ಸ್‌ನಿಂದ ಅದಕ್ಕೆ ಹೆಸರು ಬಂತು, ಆದರೆ ಅದು ಅಲ್ಲಿ ಬೇರೂರಿದ್ದು ಅದಕ್ಕೂ ಮೊದಲು.

ಮಂತ್ರವನ್ನು ಮನಸ್ಸಿನಲ್ಲೇ ಜಪಿಸುವ ಈ ಭಾವಾತೀತ ಧ್ಯಾನವನ್ನು (ಟ್ರಾನ್ಸೆಂಡೆಂಟಲ್ ಮೆಡಿಟೇಷನ್) ಹರಡಿದ ಮಹರ್ಷಿ ಮಹೇಶ್ ಯೋಗಿ ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದವರು. ಬದರಿಯ ಜ್ಯೋತಿರ್ಮಠದ ಶಂಕರಾಚಾರ್ಯ ಬ್ರಹ್ಮಾನಂದ ಸರಸ್ವತಿಗಳ ಬಳಿ ಕಾರ್ಯದರ್ಶಿಯಂತೆ ಇದ್ದರು. 1953ರಲ್ಲಿ ಗುರುಗಳು ತೀರಿಕೊಂಡ ಮೇಲೆ ಕೆಲಕಾಲ ಉತ್ತರಕಾಶಿಯಲ್ಲಿದ್ದು, 1955ರಿಂದ ದಕ್ಷಿಣದಲ್ಲಿ ಉಪನ್ಯಾಸ, ಉಪದೇಶ ಶುರುಮಾಡಿದರು. ಅವರ ಸಂಘಟನೆ ಹುಟ್ಟಿದ್ದು ಹಿಮಾಲಯದಲ್ಲಲ್ಲ, 1957–58ರ ಸಂಧಿಯಲ್ಲಿ, ಮದರಾಸಿನಲ್ಲಿ. 1958ರಲ್ಲಿ ಬರ್ಮಾ, ಸಿಂಗಪುರ, ಹಾಂಗ್‌ಕಾಂಗ್ ಹಾದಿಯಾಗಿ ಹೊರಟವರು ಹವಾಯಿ ದಾಟಿ, 1959ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ, ಲಾಸ್ ಏಂಜಲೀಸ್ ತಲುಪಿದ್ದರು. 1961ರಲ್ಲಿ ಋಷಿಕೇಶದಲ್ಲಿ ಶಿಕ್ಷಕರ ಮೊದಲ ತರಬೇತಿ ನಡೆಯಿತು. 1965ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ವಿದ್ಯಾರ್ಥಿಗಳಿಗೆಂದೇ ಒಂದು ಸಂಘ ಎದ್ದಿತು. ಬೀಟಲ್ಸ್ ಲಂಡನ್ನಿನ ಹಿಲ್ಟನ್ ಹೋಟೆಲಿನಲ್ಲಿ ಮಹರ್ಷಿಗಳ ಉಪನ್ಯಾಸ ಕೇಳಿದ್ದು 1967ರ ಆಗಸ್ಟ್ 24ರಂದು. ಅಷ್ಟು ಹೊತ್ತಿಗೆ ಮಂತ್ರ ಕೊಡಬಲ್ಲ ಶಿಕ್ಷಕರ ಒಂದು ಪಡೆಯೇ ಅಲ್ಲಿ ಸಿದ್ಧವಾಗಿತ್ತು. ಪತ್ರಿಕೆಯಲ್ಲಿ ಫೋಟೋ ನೋಡಿ ಬಂದ ಹುಡುಗ ಹುಡುಗಿಯರಿಗೆ ಹೋಗಿ ಕಲಿಯಲು ಒಂದು ವಿಳಾಸವಿತ್ತು. ಪ್ರಚಾರ ಸಿಕ್ಕರೂ ಕಲಿಸುವವರಿಲ್ಲದೆ ಅದೇ ಕಾಲದಲ್ಲಿ ಕರಗಿಹೋದ ಪಂಥಗಳು ಎಷ್ಟೋ.

ಇನ್ನೊಂದು ಕಾರಣ, ನನ್ನ ಮಟ್ಟಿಗೆ ಇದೇ ದೊಡ್ಡದು: ಮಹರ್ಷಿಗಳು ಧ್ಯಾನವನ್ನು ಎಲ್ಲಿ ಯಾರು ಕಲಿಸಿದರೂ ಒಂದೇ ಥರ ಇರುವಂತೆ ಕಟ್ಟಿದರು. ದಿನಕ್ಕೆ ಎರಡು ಸಲ, ತಲಾ 20 ನಿಮಿಷ. ಪದ್ಮಾಸನ ಬೇಡ, ಕುರ್ಚಿ ಸಾಕು. ಸಂನ್ಯಾಸ, ಉಪವಾಸ, ಮತಾಂತರ ಯಾವುದೂ ಇಲ್ಲ. ಕಲಿಕೆಗೆ ಏಳು ಹಂತ, ಶುಲ್ಕ ನಿಗದಿ: ಆಗ ಬ್ರಿಟನ್ನಿನಲ್ಲಿ ಒಂದು ವಾರದ ಸಂಬಳ, ಅಮೆರಿಕದಲ್ಲಿ ವಿದ್ಯಾರ್ಥಿಗೆ 35 ಡಾಲರ್, ದುಡಿಯುವವರಿಗೆ 75. ಗುರುದಕ್ಷಿಣೆಯ ರೂಢಿಯಿರುವ ನಮಗೆ ದರಪಟ್ಟಿ ಕಂಡರೆ ಮುಜುಗರ. ಅಲ್ಲಿನವರಿಗೆ ಅದೇ ಭರವಸೆ ತಂದಿತು.

ಪ್ರಶ್ನೆ: ಉಪದೇಶದ ದಿನ ಒಳಗೆ ನಡೆಯುವುದೇನು? ಕೊಡುವ ಮಂತ್ರ ನಿಜಕ್ಕೂ ಒಬ್ಬೊಬ್ಬರಿಗೂ ಬೇರೆಯೇ?

ಮೊದಲು ಎರಡು ಉಪನ್ಯಾಸ, ಆಮೇಲೆ ಶಿಕ್ಷಕರೊಂದಿಗೆ ಚಿಕ್ಕ ಮಾತುಕತೆ. ನಾಲ್ಕನೆಯದೇ ಉಪದೇಶ. ಕಲಿಯುವವರು ಕೆಲವು ಹಣ್ಣು, ಬಿಡಿ ಹೂವು, ಹೊಸದೊಂದು ಬಿಳಿ ಕರ್ಚೀಫ್ ತರಬೇಕು. ಚಪ್ಪಲಿ ಬಿಟ್ಟು ಒಳಗೆ ಹೋದರೆ, ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಬ್ರಹ್ಮಾನಂದ ಸರಸ್ವತಿಗಳ ಚಿತ್ರ. ಮುಂದೆ ದೀಪ, ಊದುಬತ್ತಿ, ಅಕ್ಷತೆ, ಗಂಧ, ಕರ್ಪೂರ. ಶಿಕ್ಷಕರು ನಿಂತು ಸಂಸ್ಕೃತದಲ್ಲಿ ಪೂಜೆ ಹೇಳುತ್ತಾರೆ, ಕಲಿಯುವವರು ಪಕ್ಕದಲ್ಲಿ ನಿಂತು ನೋಡಿದರೆ ಸಾಕು.

ಆ ಪೂಜೆಯನ್ನು ಕನ್ನಡದವರು ಕೇಳಿದರೆ ಅರ್ಧಕ್ಕರ್ಧ ಗುರುತಿನದೇ. ಶುರುವಾಗುವುದು ‘ಅಪವಿತ್ರಃ ಪವಿತ್ರೋ ವಾ’ ಎಂದು. ಮುಂದಿನದು ‘ನಾರಾಯಣಂ ಪದ್ಮಭವಂ ವಸಿಷ್ಠಂ’ ಎಂಬ ಗುರುಪರಂಪರೆ: ವ್ಯಾಸ, ಶುಕ, ಗೌಡಪಾದ, ಗೋವಿಂದ, ಶಂಕರ, ಆಮೇಲೆ ನಾಲ್ವರು ಶಿಷ್ಯರು. ಆ ನಾಲ್ವರಲ್ಲಿ ವಾರ್ತಿಕಕಾರರೆಂದರೆ ಸುರೇಶ್ವರಾಚಾರ್ಯರು, ನಮ್ಮ ಶೃಂಗೇರಿ ಪೀಠದ ಮೊದಲ ಆಚಾರ್ಯರೆಂದು ಪರಂಪರೆ ಎಣಿಸುವವರು. ಅದಾದ ಮೇಲೆ ಉಪಚಾರಗಳು: ಆಸನಂ, ಸ್ನಾನಂ, ವಸ್ತ್ರಂ, ಚಂದನಂ, ಹೀಗೆ ಸಮರ್ಪಯಾಮಿ. ಬಿಳಿ ಕರ್ಚೀಫ್ ಏಕೆ ಎಂಬುದಕ್ಕೆ ಉತ್ತರ ಇಲ್ಲಿದೆ. ವಸ್ತ್ರಂ ಸಮರ್ಪಯಾಮಿ ಎನ್ನುವಾಗ ನಮ್ಮಲ್ಲಿ ಪಂಚೆಯನ್ನೋ ಗೆಜ್ಜೆವಸ್ತ್ರವನ್ನೋ ಇಡುವ ಜಾಗದಲ್ಲಿ ಅಲ್ಲಿ ಕರ್ಚೀಫ್ ಕೂತಿದೆ. ಕೊನೆಯ ಭಾಗದಲ್ಲಿ ‘ಗುರುರ್ಬ್ರಹ್ಮಾ ಗುರುರ್ವಿಷ್ಣುಃ’ ಇದ್ದೇ ಇದೆ.

ಪೂಜೆ ಮುಗಿದ ಕೂಡಲೇ ಶಿಕ್ಷಕರು ಮಂತ್ರವನ್ನು ಹೇಳುತ್ತಾರೆ, ಶಿಷ್ಯ ಅನುಸರಿಸಿ ಹೇಳುತ್ತಾನೆ. ಮೊದಲು ಗಟ್ಟಿಯಾಗಿ, ಆಮೇಲೆ ಮೆಲ್ಲಗೆ, ಇನ್ನೂ ಮೆಲ್ಲಗೆ, ಕೊನೆಗೆ ಕಣ್ಣು ಮುಚ್ಚಿ ಮನಸ್ಸಿನಲ್ಲಿ ಮಾತ್ರ. ನಮ್ಮ ಶಾಸ್ತ್ರದ ವಾಚಿಕ, ಉಪಾಂಶು, ಮಾನಸಿಕ ಜಪಗಳನ್ನು ಐದು ನಿಮಿಷಕ್ಕೆ ಇಳಿಸಿದಂತೆ. ಮನುಸ್ಮೃತಿ ವಿಧಿಯಜ್ಞಕ್ಕಿಂತ ಜಪ ಹತ್ತು ಪಾಲು, ಉಪಾಂಶು ನೂರು ಪಾಲು, ಮಾನಸಿಕ ಸಾವಿರ ಪಾಲು ಮೇಲು ಎನ್ನುತ್ತದೆ. ಹಾಗಾಗಿ ಇದು ಮಹರ್ಷಿಗಳು ಹೊಸದಾಗಿ ಕಂಡುಹಿಡಿದ ತಂತ್ರವಲ್ಲ. ಮುಂದಿನ ಮೂರು ದಿನ ಗುಂಪಿನಲ್ಲಿ ಕೂರಿಸಿ ಅಭ್ಯಾಸ ಸರಿಯಾಗಿದೆಯೇ ಎಂದು ವಿಚಾರಿಸುತ್ತಾರೆ. ಅಲ್ಲಿಗೆ ಏಳು ಹಂತ ಮುಗಿಯಿತು.

ಇನ್ನು ಮಂತ್ರ. ಅದನ್ನು ಯಾರಿಗೂ ಹೇಳಬಾರದು ಎಂಬ ಕಟ್ಟಪ್ಪಣೆ ಇದೆ. ಆದರೆ ಮಾಜಿ ಶಿಕ್ಷಕರು ಹೊರಗೆ ಬಿಟ್ಟ ಪಟ್ಟಿಗಳ ಪ್ರಕಾರ ಮಂತ್ರಗಳ ಸಂಖ್ಯೆ ಹದಿನಾರರ ಆಸುಪಾಸು, ಹಂಚಿಕೆಯ ಮಾನದಂಡ ಮುಖ್ಯವಾಗಿ ವಯಸ್ಸು. ಅಂದರೆ ನಿಮ್ಮದೇ ವಯಸ್ಸಿನ ನೆರೆಮನೆಯವರಿಗೂ ನಿಮ್ಮದೇ ಮಂತ್ರ ಸಿಕ್ಕಿರಬಹುದು. ಪಟ್ಟಿಯಲ್ಲಿರುವುದು ಐಂ, ಶ್ರೀಂ, ಹ್ರೀಂ ಬೀಜಾಕ್ಷರಗಳ ತುಸು ಸವೆದ ಉಚ್ಚಾರ. ಸಂಸ್ಥೆ ಪಶ್ಚಿಮದವರಿಗೆ ‘ಇದಕ್ಕೆ ಅರ್ಥವಿಲ್ಲ, ಬರಿಯ ನಾದ’ ಎಂದೇ ಹೇಳುತ್ತ ಬಂದಿದೆ. ಲಲಿತೆಯನ್ನೋ ಸರಸ್ವತಿಯನ್ನೋ ಪೂಜಿಸುವ ಮನೆಯವರು ಇದನ್ನು ಒಪ್ಪುವುದು ಕಷ್ಟ.

ಪ್ರಶ್ನೆ: ಎರಡು ತಿಂಗಳಿಂದ ಮಾಡುತ್ತಿದ್ದೇನೆ. ಎದ್ದ ಮೇಲೆ ತಲೆ ಭಾರ, ಸಣ್ಣದಕ್ಕೂ ಸಿಡುಕು. ಎಲ್ಲಿ ತಪ್ಪುತ್ತಿದ್ದೇನೆ?

ಹೆಚ್ಚಾಗಿ ತಪ್ಪುವುದು ನಾಲ್ಕು ಕಡೆ. ಮಂತ್ರವನ್ನು ಬಿಗಿಯಾಗಿ ಹಿಡಿದುಕೊಳ್ಳುವುದು ಮೊದಲನೆಯದು. ಈ ಪದ್ಧತಿಯಲ್ಲಿ ಏಕಾಗ್ರತೆಗೆ ಒದ್ದಾಡಬಾರದು. ಮಂತ್ರ ಮಸುಕಾದರೆ ಮಸುಕಾಗಲಿ, ಬೇರೆ ಯೋಚನೆ ಬಂದರೆ ಬರಲಿ. ಮರೆತದ್ದು ಗಮನಕ್ಕೆ ಬಂದಾಗ ಮೆಲ್ಲನೆ ಮರಳಿದರೆ ಆಯಿತು. ಹುಬ್ಬು ಗಂಟಿಕ್ಕಿ ಜಪಿಸಿದರೆ ಹಣೆ ನೋಯದೆ ಇನ್ನೇನಾದೀತು? ಎರಡನೆಯದು, ಮಂತ್ರವನ್ನು ಉಸಿರಿಗೆ ಕಟ್ಟುವುದು. ಪ್ರಾಣಾಯಾಮ ರೂಢಿಯಿದ್ದವರು ತಮಗೇ ಗೊತ್ತಾಗದೆ ಇದನ್ನು ಮಾಡುತ್ತಾರೆ. ಉಸಿರು ಅದರ ಪಾಡಿಗೆ ಇರಲಿ.

ಮೂರನೆಯದು, ಗಡಿಯಾರ ನೋಡಿದ ಕೂಡಲೇ ದಡಕ್ಕನೆ ಏಳುವುದು. ಇಪ್ಪತ್ತು ನಿಮಿಷವಾದ ಮೇಲೆ ಮಂತ್ರ ನಿಲ್ಲಿಸಿ, ಕಣ್ಣು ಮುಚ್ಚಿಕೊಂಡೇ ಎರಡು ಮೂರು ನಿಮಿಷ ಸುಮ್ಮನೆ ಕೂರಬೇಕು. ನೀವು ಹೇಳುವ ತಲೆಭಾರಕ್ಕೂ ಸಿಡುಕಿಗೂ ಮೊದಲು ನೋಡಬೇಕಾದ್ದು ಇದನ್ನೇ. ಅಲಾರಂ ಇಟ್ಟುಕೊಳ್ಳಬೇಡಿ. ನಾಲ್ಕನೆಯದು, ಹೆಚ್ಚು ಹೊತ್ತು ಕೂತರೆ ಹೆಚ್ಚು ಲಾಭ ಎಂಬ ಲೆಕ್ಕ. ಇಪ್ಪತ್ತನ್ನು ನಲವತ್ತು ಮಾಡಬೇಡಿ. ಊಟವಾದ ತಕ್ಷಣವೂ ಬೇಡ, ತೂಕಡಿಕೆ ಬರುತ್ತದೆ. ಬೆಳಿಗ್ಗೆ ತಿಂಡಿಗೆ ಮುಂಚೆ, ಸಂಜೆ ಊಟಕ್ಕೆ ಮುಂಚೆ ಸರಿಯಾದ ಹೊತ್ತು. ಇಷ್ಟೆಲ್ಲ ತಿದ್ದಿಕೊಂಡ ಮೇಲೂ ಗಾಬರಿ, ನಿದ್ರೆಗೇಡು ಮುಂದುವರಿದರೆ ಅಭ್ಯಾಸ ನಿಲ್ಲಿಸಿ ಮನೋವೈದ್ಯರನ್ನು ಕಾಣಿ.

ಪ್ರಶ್ನೆ: ಋಷಿಕೇಶದಲ್ಲಿ ಬೀಟಲ್ಸ್ ಅರ್ಧಕ್ಕೇ ಎದ್ದು ಹೋದದ್ದೇಕೆ? ಆಶ್ರಮ ಈಗಲೂ ಇದೆಯೇ?

ನಾಲ್ವರೂ ಬಂದದ್ದು 1968ರ ಫೆಬ್ರುವರಿಯಲ್ಲಿ. ರಿಂಗೊ ಸ್ಟಾರ್ ಸುಮಾರು ಹತ್ತು ದಿನಕ್ಕೇ ಹೊರಟರು. ಊಟ ಒಗ್ಗುತ್ತಿರಲಿಲ್ಲ, ಬರುವಾಗಲೇ ಬೇಯಿಸಿದ ಬೀನ್ಸ್ ಕಾಳಿನ ಡಬ್ಬಿಗಳನ್ನು ಕಟ್ಟಿಕೊಂಡು ಬಂದಿದ್ದರು. ಪಾಲ್ ಮೆಕಾರ್ಟ್ನಿ ಮಾರ್ಚ್‌ನಲ್ಲಿ ಹೋದರು. ಜಾನ್ ಲೆನನ್, ಜಾರ್ಜ್ ಹ್ಯಾರಿಸನ್ ಏಪ್ರಿಲ್ 12ರಂದು ಹೊರಟಾಗ ಮಾತ್ರ ಮನಸ್ತಾಪವಿತ್ತು. ಮಹರ್ಷಿಗಳು ಶಿಷ್ಯೆಯೊಬ್ಬರ ಜತೆ ಅನುಚಿತವಾಗಿ ನಡೆದುಕೊಂಡರೆಂಬ ಗುಲ್ಲೆದ್ದಿತ್ತು. ಅದು ಸಾಬೀತಾಗಲಿಲ್ಲ. ಹ್ಯಾರಿಸನ್ ಮುಂದೆ 1992ರಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ ಮಹರ್ಷಿಗಳ ಅನುಯಾಯಿಗಳು ಕಟ್ಟಿದ ರಾಜಕೀಯ ಪಕ್ಷಕ್ಕಾಗಿ ಹಾಡಿದರು. 2009ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನಲ್ಲಿ ಮೆಕಾರ್ಟ್ನಿ, ರಿಂಗೊ ಇಬ್ಬರೂ ಇದೇ ಧ್ಯಾನಕ್ಕಾಗಿ ಒಂದೇ ವೇದಿಕೆ ಏರಿದರು. ಅದನ್ನು ಏರ್ಪಡಿಸಿದ್ದು 1973ರಿಂದ ಈ ಧ್ಯಾನ ಮಾಡುತ್ತಿದ್ದ ಚಿತ್ರನಿರ್ದೇಶಕ ಡೇವಿಡ್ ಲಿಂಚ್ ಅವರ ಪ್ರತಿಷ್ಠಾನ.

ಆಶ್ರಮ ಗಂಗೆಯ ಆಚೆ ದಡದಲ್ಲಿ, ಸ್ವರ್ಗಾಶ್ರಮದ ಪಕ್ಕ, ಅರಣ್ಯ ಇಲಾಖೆಯ ಗುತ್ತಿಗೆ ಜಾಗದಲ್ಲಿತ್ತು. ಸ್ಥಳೀಯರ ಬಾಯಲ್ಲಿ ಅದು ‘ಚೌರಾಸಿ ಕುಟಿಯಾ’, ಎಂಬತ್ತನಾಲ್ಕು ಗುಡಿಸಲು. ಈಗ ರಾಜಾಜಿ ಹುಲಿ ಮೀಸಲು ಪ್ರದೇಶಕ್ಕೆ ಸೇರಿದೆ. 2015ರ ಡಿಸೆಂಬರಿನಿಂದ ಟಿಕೆಟ್ ಪಡೆದು ನೋಡಬಹುದು.

ಬೀಟಲ್ಸ್ ಹೋದ ತಿಂಗಳೊಳಗೆ ಒಂದು ಎಡವಟ್ಟಾಯಿತು. ಬೀಚ್ ಬಾಯ್ಸ್ ತಂಡದೊಂದಿಗೆ ಮಹರ್ಷಿಗಳು ಅಮೆರಿಕ ಪ್ರವಾಸ ಹೊರಟರು: ಅರ್ಧ ರಾಕ್ ಸಂಗೀತ, ಅರ್ಧ ಪ್ರವಚನ. ಹಾಡು ಕೇಳಲು ಬಂದ ಹುಡುಗರು ಪ್ರವಚನಕ್ಕೆ ಕೂರಲಿಲ್ಲ. ಕೆಲವೇ ಕಾರ್ಯಕ್ರಮಗಳಿಗೆ ಪ್ರವಾಸ ರದ್ದಾಯಿತು. ತಾರೆಯರ ಬೆಳಕಿಗೆ ಇಷ್ಟೇ ಆಯಸ್ಸು ಎಂದು ಮಹರ್ಷಿಗಳಿಗೂ ಅರಿವಾಗಿರಬೇಕು. ಆಮೇಲೆ ಒತ್ತು ಬಿದ್ದದ್ದು ಪ್ರಯೋಗಾಲಯದ ಮೇಲೆ. 1970ರಲ್ಲಿ, ಈ ಧ್ಯಾನ ದೇಹದ ಮೇಲೆ ಬೀರುವ ಪರಿಣಾಮದ ಬಗ್ಗೆ ಸಂಶೋಧಕ ರಾಬರ್ಟ್ ಕೀತ್ ವ್ಯಾಲೇಸ್ ಅವರ ಪ್ರಬಂಧ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. 1975ರ ಅಕ್ಟೋಬರಿನಲ್ಲಿ ಮಹರ್ಷಿಗಳು ‘ಟೈಮ್’ ಮುಖಪುಟಕ್ಕೆ ಏರಿದರು. 1977ರ ‘ಆನಿ ಹಾಲ್’ ಸಿನಿಮಾದ ಪಾರ್ಟಿಯೊಂದರಲ್ಲಿ ಒಬ್ಬಾತ ಫೋನ್ ಹಿಡಿದು ತನ್ನ ಮಂತ್ರ ಮರೆತುಹೋಗಿದೆ ಎನ್ನುತ್ತಾನೆ. ಅಷ್ಟೇ ಅವನ ಪಾತ್ರ. ಏನೂ ವಿವರಿಸದೆ ಪ್ರೇಕ್ಷಕರು ನಕ್ಕರು ಎಂದರೆ ಮಂತ್ರ ಎಂಬ ಪದ ಅಮೆರಿಕದ ಮನೆಮಾತಾಗಿತ್ತು.

ಪ್ರಶ್ನೆ: ಅಮೆರಿಕದ ಶಾಲೆಗಳಲ್ಲಿ ಇದಕ್ಕೆ ನ್ಯಾಯಾಲಯ ತಡೆ ಹಾಕಿದ್ದು ನಿಜವೇ?

ನ್ಯೂಜೆರ್ಸಿಯ ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ 1975–76ರಲ್ಲಿ ಇದನ್ನು ಐಚ್ಛಿಕ ವಿಷಯವಾಗಿ ಕಲಿಸಿದರು. ಮಂತ್ರೋಪದೇಶಕ್ಕೆ ಮಾತ್ರ ಮಕ್ಕಳನ್ನು ಭಾನುವಾರ ಶಾಲೆಯ ಹೊರಗೆ, ಹಣ್ಣು ಹೂವು ಕರ್ಚೀಫ್ ಸಮೇತ ಬರಹೇಳುತ್ತಿದ್ದರು. ಪೋಷಕರು ಮೊಕದ್ದಮೆ ಹೂಡಿದರು. ಪೂಜೆಯ ಇಂಗ್ಲಿಷ್ ಅನುವಾದ ನ್ಯಾಯಾಲಯದ ಮುಂದೆ ಬಂತು. ಗುರುವನ್ನು ಬ್ರಹ್ಮ, ವಿಷ್ಣು, ಶಿವ ಎಂದು ಕರೆದು ನಮಸ್ಕರಿಸುವ ಪಠ್ಯವನ್ನು ಧಾರ್ಮಿಕವಲ್ಲ ಎಂದು ವಾದಿಸುವುದು ಹೇಗೆ? 1977ರಲ್ಲಿ ಜಿಲ್ಲಾ ನ್ಯಾಯಾಲಯ, 1979ರಲ್ಲಿ ಮೇಲ್ಮನವಿ ನ್ಯಾಯಾಲಯ ಇದು ಧರ್ಮಬೋಧನೆಯೇ, ಸರ್ಕಾರಿ ಶಾಲೆಯಲ್ಲಿ ಸಲ್ಲದು ಎಂದವು. ತೀರ್ಪು ಸರಿ ಎಂದೇ ನನ್ನ ಅಭಿಪ್ರಾಯ. ಇಲ್ಲಿ ಒಂದು ಮಾತು, ಅಲ್ಲಿ ಇನ್ನೊಂದು ಮಾತು ನಡೆಯುವುದಿಲ್ಲ.

ಪ್ರಶ್ನೆ: ನನಗೆ ಬಿಪಿ ಇದೆ. ಈ ಧ್ಯಾನದಿಂದ ಇಳಿಯುತ್ತದೆಯೇ? ಶುಲ್ಕ ಕೊಡದೆ ಮಾಡುವ ದಾರಿ ಇದೆಯೇ?

ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2013ರಲ್ಲಿ, ಬಿಪಿ ಇಳಿಸಲು ಭಾವಾತೀತ ಧ್ಯಾನವನ್ನು ಚಿಕಿತ್ಸೆಯ ಜತೆಗೆ ಪರಿಗಣಿಸಬಹುದು ಎಂದಿತು. ಅದು ಬಳಸಿದ್ದು ಅಳುಕಿನ ‘ಬಹುದು’. ಮಾತ್ರೆ ನಿಲ್ಲಿಸಿ ಎಂದು ಅದರಲ್ಲಿಲ್ಲ, ನೀವೂ ನಿಲ್ಲಿಸಬೇಡಿ.

ಶುಲ್ಕವಿಲ್ಲದ ದಾರಿಯನ್ನು ತೋರಿಸಿದವರು ಹಾರ್ವರ್ಡಿನ ಹೃದ್ರೋಗ ತಜ್ಞ ಹರ್ಬರ್ಟ್ ಬೆನ್ಸನ್. ವ್ಯಾಲೇಸ್ ಜತೆ ಇದೇ ಧ್ಯಾನಿಗಳನ್ನು ಪರೀಕ್ಷಿಸಿದ್ದ ಅವರು, ಗುಟ್ಟಿನ ಮಂತ್ರವೇ ಬೇಕಿಲ್ಲ ಎಂಬ ತೀರ್ಮಾನಕ್ಕೆ ಬಂದು 1975ರಲ್ಲಿ ತಮ್ಮ ವಿಧಾನ ಪ್ರಕಟಿಸಿದರು. ಆರಾಮಾಗಿ ಕುಳಿತು ಕಣ್ಣು ಮುಚ್ಚಿ. ಪಾದದಿಂದ ಮುಖದವರೆಗೆ ಸ್ನಾಯುಗಳನ್ನು ಸಡಿಲಬಿಡಿ. ಮೂಗಿನಿಂದ ಉಸಿರಾಡಿ, ಪ್ರತಿ ಸಲ ಉಸಿರು ಬಿಡುವಾಗ ‘ಒಂದು’ ಎಂದುಕೊಳ್ಳಿ. ಹತ್ತರಿಂದ ಇಪ್ಪತ್ತು ನಿಮಿಷ, ದಿನಕ್ಕೆ ಒಂದೆರಡು ಸಲ, ಊಟವಾಗಿ ಎರಡು ಗಂಟೆಯೊಳಗೆ ಬೇಡ. ಇಲ್ಲಿ ಪದ ಉಸಿರಿಗೆ ಕಟ್ಟಿದೆ, ಮೇಲೆ ಹೇಳಿದ ಪದ್ಧತಿಯಲ್ಲಿ ಇಲ್ಲ. ಎರಡನ್ನೂ ಕಲಸಬೇಡಿ, ಒಂದನ್ನು ಹಿಡಿಯಿರಿ.

ಪ್ರಶ್ನೆ: ಫೋನಿನ ಮೈಂಡ್‌ಫುಲ್‌ನೆಸ್ ಆ್ಯಪ್‌ಗಳೂ ಇದೇ ಪರಂಪರೆಯವೇ? ಕರ್ನಾಟಕಕ್ಕೆ ಇದರ ನಂಟೇನಾದರೂ ಇದೆಯೇ?

ಮೈಂಡ್‌ಫುಲ್‌ನೆಸ್ ಬೇರೆ ಹೊಳೆ. ಅದರ ಮೂಲ ಬೌದ್ಧರ ‘ಸತಿ’ (ಪಾಲಿಯಲ್ಲಿ ಎಚ್ಚರದ ಅರಿವು) ಮತ್ತು ವಿಪಸ್ಸನ ಧ್ಯಾನ. ಅದು ಆಸ್ಪತ್ರೆಗೆ ಹೊಕ್ಕಿದ್ದು 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಾಟ್-ಜಿನ್ ಆರಂಭಿಸಿದ ಶಿಬಿರದಿಂದ. ಅಲ್ಲಿ ಮಂತ್ರವಿಲ್ಲ, ಉಸಿರನ್ನೂ ಮೈಯನ್ನೂ ಗಮನಿಸುವುದಷ್ಟೇ.

ಕರ್ನಾಟಕದ ನಂಟು ಇದೆ. ಬೆಂಗಳೂರಿನ ಶ್ರೀ ಶ್ರೀ ರವಿಶಂಕರ್ ಮಹರ್ಷಿಗಳ ಶಿಷ್ಯರಾಗಿ ಅವರ ಸಂಸ್ಥೆಯಲ್ಲಿದ್ದವರು. 1981ರಲ್ಲಿ ಆರ್ಟ್ ಆಫ್ ಲಿವಿಂಗ್ ಕಟ್ಟಿದರು. 1982ರಲ್ಲಿ ಶಿವಮೊಗ್ಗದಲ್ಲಿ ಹತ್ತು ದಿನ ಮೌನದಲ್ಲಿದ್ದಾಗ ಸುದರ್ಶನ ಕ್ರಿಯೆ ಹೊಳೆಯಿತು ಎಂದು ಅವರೇ ಹೇಳುತ್ತಾರೆ. ಆ ಕ್ರಿಯೆಗೆ ಉಸಿರಿನ ಲಯವೇ ಆಧಾರ. ಆದರೆ ಅದೇ ಸಂಸ್ಥೆಯ ‘ಸಹಜ ಸಮಾಧಿ’ ಶಿಬಿರಕ್ಕೆ ಹೋಗಿ ನೋಡಿ: ಮನಸ್ಸಿನಲ್ಲೇ ಹೇಳಿಕೊಳ್ಳುವ ಒಂದು ಮಂತ್ರ, ದಿನಕ್ಕೆ ಎರಡು ಸಲ, 20 ನಿಮಿಷ.