ಮಾತ್ರೆ ನಿಲ್ಲಿಸುವ ಮೊದಲು ತಾರೀಖು ನಿಲ್ಲಿಸಿ

ಈ ವಾರ ಒಂದೇ ಪತ್ರಕ್ಕೆ ಉತ್ತರ. ಉಳಿದವು ಇನ್ನೊಂದು ವಾರ ಕಾಯಬಹುದು, ಇದು ಕಾಯುವಂಥದ್ದಲ್ಲ.

ಬರೆದವರಿಗೆ 48 ವರ್ಷ. ಏಳು ತಿಂಗಳ ಹಿಂದೆ ಹೃದಯಾಘಾತವಾಗಿ, ಔಷಧಲೇಪಿತ ಸ್ಟೆಂಟ್ ಹಾಕಿದ್ದಾರೆ. ಆಮೇಲೆ ದಿನವೂ ನಡೆದು, ಊಟ ಹಿಡಿತದಲ್ಲಿಟ್ಟು 16 ಕಿಲೊ ಇಳಿಸಿದ್ದಾರೆ. ತೂಕವೇನೋ ಹೋಯಿತು, ಎರಡು ಹೆರಿಗೆ ಕಂಡ ಹೊಟ್ಟೆಯ ಚರ್ಮ ಮಾತ್ರ ಜೋತುಬಿದ್ದು ಉಳಿಯಿತು. ಹೊಟ್ಟೆ ಬಿಗಿಗೊಳಿಸುವ ಟಮ್ಮಿ ಟಕ್, ಜೊತೆಗೇ ಸೊಂಟಕ್ಕೆ ಕೊಬ್ಬು ಹೀರಿ ತೆಗೆಯುವ ಲೈಪೊಸಕ್ಷನ್ ಎಂದು ನಿಶ್ಚಯಿಸಿ ಮುಂಗಡ ಕಟ್ಟಿದ್ದಾರೆ. ತಾರೀಖಿಗೆ ಮೂರು ವಾರ ಉಳಿದಿದೆ. "ಈ ವಯಸ್ಸಿನಲ್ಲಿ ಯಾರಿಗೆ ತೋರಿಸಬೇಕು?" ಅಂದರಂತೆ ಗಂಡ. ಅಂದಿನಿಂದ ಮನೆಯಲ್ಲಿ ಮಾತಿಲ್ಲ. "ನನ್ನದು ಸ್ವಾರ್ಥವೇ? ಅವರ ಒಪ್ಪಿಗೆ ಇಲ್ಲದೆ ಹೋಗಬಹುದೇ?" ಎಂಬುದು ಇವರ ಪ್ರಶ್ನೆ.

ಸ್ವಾರ್ಥವಲ್ಲ ಅಮ್ಮಾ. ಸ್ನಾನ ಮಾಡುವಾಗ ಕಣ್ಣು ಮುಚ್ಚಿಕೊಳ್ಳುತ್ತೇನೆ ಎಂದು ಬರೆದಿದ್ದೀರಿ. ಹೃದ್ರೋಗ ಬಂತೆಂಬ ಕಾರಣಕ್ಕೆ ತನ್ನ ಮೈ ತನಗೆ ಚೆನ್ನಾಗಿ ಕಾಣಲಿ ಎಂಬ ಆಸೆಯನ್ನು ಯಾರೂ ಬಿಡಬೇಕಾಗಿಲ್ಲ. ನಿಮ್ಮ ಗಂಡನ ಮಾತು ಒರಟು, ಅದರ ಹಿಂದೆ ಆಸ್ಪತ್ರೆಯ ಆ ರಾತ್ರಿಯ ಭಯ ಇದ್ದೀತು. ಅದನ್ನು ಅವರೇ ಬಾಯಿಬಿಟ್ಟು ಹೇಳಲಿ. ಅವರ ವಿಷಯ ಇಷ್ಟು ಸಾಕು.

ನನ್ನ ನಿದ್ದೆ ಕೆಡಿಸಿದ್ದು ಪತ್ರದ ಕೊನೆಯಲ್ಲಿ ಹಾಗೇ ಬಂದುಹೋದ ಎರಡು ಸಾಲು. "ರಕ್ತ ತೆಳುವಾಗುವ ಎರಡೂ ಮಾತ್ರೆ ಹತ್ತು ದಿನ ಮೊದಲು ನಿಲ್ಲಿಸಬೇಕಂತೆ, ಫೋನಿನಲ್ಲೇ ಹೇಳಿದರು. ಸ್ಟೆಂಟ್ ಅಂತ ಬರೆದರೆ ಸುಮ್ಮನೆ ರಗಳೆ, ಬಿಪಿ ಅಂತ ಬರಿ ಎಂದು ನಾದಿನಿ ಹೇಳಿದ್ದರಿಂದ ಫಾರಂನಲ್ಲಿ ಹಾಗೇ ತುಂಬಿದೆ."

ಅಂದರೆ ನಿಮ್ಮ ಪ್ಲಾಸ್ಟಿಕ್ ಸರ್ಜನ್‌ಗೆ ಸ್ಟೆಂಟ್ ಇರುವುದೇ ಗೊತ್ತಿಲ್ಲ. ಬಿಪಿ ಮಾತ್ರ ಇರುವವರಿಗೆ ಹೇಳುವುದನ್ನೇ ನಿಮಗೂ ಹೇಳಿದ್ದಾರೆ. ಫೋನಿನಲ್ಲಿ ಮಾತ್ರೆ ನಿಲ್ಲಿಸಿ ಎಂದದ್ದು ತಪ್ಪೇ, ಆದರೂ ದೊಡ್ಡ ತಪ್ಪು ನಾದಿನಿಯದು. ಅವರಿಗೆ ನಿಮ್ಮ ಮೇಲೆ ಪ್ರೀತಿ ಇಲ್ಲವೆಂದು ನಾನು ಹೇಳುತ್ತಿಲ್ಲ. ಅವರು ರಗಳೆ ಎಂದದ್ದು ನಿಮ್ಮ ಜೀವ ಕಾಯುವ ಏಕೈಕ ಮಾಹಿತಿಯನ್ನು.

ಯಾಕೆ ಎಂದು ಬಿಡಿಸಿ ಹೇಳುತ್ತೇನೆ. ಸ್ಟೆಂಟ್ ಎಂದರೆ ರಕ್ತನಾಳದೊಳಗೆ ಕೂರಿಸಿದ ಲೋಹದ ಜಾಲರಿ. ತಿಂಗಳುಗಳು ಕಳೆದಂತೆ ರಕ್ತನಾಳದ ಒಳಪದರ ಅದರ ಮೇಲೆ ಬೆಳೆದು ಮುಚ್ಚುತ್ತದೆ. ಅಲ್ಲಿಯವರೆಗೆ ರಕ್ತದ ಪ್ಲೇಟ್‌ಲೆಟ್‌ಗಳು ಬರಿಯ ಲೋಹಕ್ಕೆ ಅಂಟಿ ಹೆಪ್ಪುಗಟ್ಟದಂತೆ ತಡೆಯುವುದು ಆಸ್ಪಿರಿನ್ ಮತ್ತು ಅದರ ಜೊತೆಯ ಇನ್ನೊಂದು ಮಾತ್ರೆ, ನಿಮಗಾದರೆ ಟಿಕಾಗ್ರೆಲರ್. ಔಷಧಲೇಪಿತ ಸ್ಟೆಂಟ್‌ಗಳಲ್ಲಿ ಈ ಪದರ ಬೆಳೆಯುವುದು ನಿಧಾನ, ಆ ಲೇಪನದ ಕೆಲಸವೇ ಜೀವಕೋಶಗಳ ಬೆಳವಣಿಗೆ ತಡೆಯುವುದು. ಇನ್ನು, ಶಸ್ತ್ರಚಿಕಿತ್ಸೆಯೆಂದರೆ ದೇಹಕ್ಕೆ ಗಾಯವೇ. ರಕ್ತ ಹೆಪ್ಪುಗಟ್ಟುವ ಗುಣ ಆ ದಿನಗಳಲ್ಲಿ ಹೆಚ್ಚುತ್ತದೆ. ಸರಿಯಾಗಿ ಅದೇ ಹೊತ್ತಿಗೆ ನೀವು ಎರಡೂ ಮಾತ್ರೆ ಬಿಟ್ಟು ಮಲಗಿರುತ್ತೀರಿ. ಸ್ಟೆಂಟ್ ದಿಢೀರನೆ ಮುಚ್ಚಿಕೊಂಡರೆ ಅದು ಸಣ್ಣ ಎದೆನೋವಾಗಿ ಮುಗಿಯುವುದಿಲ್ಲ. ಮತ್ತೆ ದೊಡ್ಡ ಹೃದಯಾಘಾತವಾಗುತ್ತದೆ, ಅನೇಕರು ಉಳಿಯುವುದಿಲ್ಲ.

ಹಾಗೆಂದು ಎರಡನ್ನೂ ನುಂಗುತ್ತಲೇ ಟಮ್ಮಿ ಟಕ್ ಮಾಡಿಸಿಕೊಳ್ಳಲೂ ಆಗದು. ಹೊಟ್ಟೆಯ ಚರ್ಮವನ್ನು ಅಗಲವಾಗಿ ಬಿಡಿಸಿ ಎತ್ತುವ ಶಸ್ತ್ರಚಿಕಿತ್ಸೆಯದು, ಒಳಗೆ ರಕ್ತ ತುಂಬಿಕೊಂಡರೆ ಮತ್ತೆ ತೆರೆಯಬೇಕಾಗುತ್ತದೆ. ಈ ಇಕ್ಕಟ್ಟಿನಿಂದ ಹೊರಬರುವ ದಾರಿ ಕಾಯುವುದೊಂದೇ. ಹೃದಯಾಘಾತಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ತುರ್ತಲ್ಲದ ಶಸ್ತ್ರಚಿಕಿತ್ಸೆಯನ್ನು ಕನಿಷ್ಠ 12 ತಿಂಗಳು ಮುಂದೂಡಬೇಕು. ಹೃದಯಾಘಾತವಾಗದೆ, ಸ್ಥಿರವಾದ ಕಾಯಿಲೆಗೆ ಹಾಕಿಸಿಕೊಂಡವರಿಗೆ ಕನಿಷ್ಠ 6 ತಿಂಗಳು. ನಿಮಗೆ ಆಗಿರುವುದು ಏಳೇ. ಅವಧಿ ಮುಗಿದ ಮೇಲೂ ಟಿಕಾಗ್ರೆಲರ್ ಬಿಡುವುದು ಸಾಮಾನ್ಯವಾಗಿ 3ರಿಂದ 5 ದಿನ ಮೊದಲು, ಅದರ ಬದಲು ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವವರಾದರೆ 5ರಿಂದ 7 ದಿನ. ಸ್ಟೆಂಟ್ ಇರುವವರಲ್ಲಿ ಆಸ್ಪಿರಿನ್ ಸಾಧ್ಯವಾದಷ್ಟೂ ಮುಂದುವರಿಯುತ್ತದೆ. ಎರಡನ್ನೂ ಒಟ್ಟಿಗೆ ಹತ್ತು ದಿನ ಬಿಡುವುದು ನಿಮ್ಮ ಮಟ್ಟಿಗೆ ಯಾವ ಲೆಕ್ಕಕ್ಕೂ ಸೇರದು. ಈ ಅಂಕಣದಲ್ಲಿ ಎಷ್ಟು ಸಲ ಬರೆದರೂ ನನಗೆ ಬೇಸರವಿಲ್ಲ: ಹೃದಯದ ಮಾತ್ರೆ ನಿಲ್ಲಿಸಲು ಹೇಳಬೇಕಾದವರು ಅದನ್ನು ಬರೆದುಕೊಟ್ಟ ಹೃದ್ರೋಗ ತಜ್ಞರು.

"ಲೈಪೊಸಕ್ಷನ್ ಭಾಗ ಲೋಕಲ್ ಅನಸ್ತೇಷಿಯಾದಲ್ಲೇ, ಹೃದಯಕ್ಕೇನೂ ಆಗದು" ಎಂಬ ಭರವಸೆಯನ್ನೂ ಬರೆದಿದ್ದೀರಿ. ಪೂರ್ತಿ ಮಂಪರು ಬರಿಸದಿದ್ದರೆ ಅಪಾಯವಿಲ್ಲ ಎಂಬ ನಂಬಿಕೆ ಬಹಳ ಜನರಿಗಿದೆ. ಲೈಪೊಸಕ್ಷನ್‌ನಲ್ಲಿ ಚರ್ಮದಡಿ ಲೀಟರ್‌ಗಟ್ಟಲೆ ದ್ರವ ತುಂಬುತ್ತಾರೆ. ಅದರಲ್ಲಿ ಆ ಜಾಗ ಮರಗಟ್ಟಿಸುವ ಲಿಡೋಕೇನ್ ಇರುತ್ತದೆ, ಪ್ರತಿ ಲೀಟರಿಗೆ ಸುಮಾರು 1 ಮಿಲಿಗ್ರಾಂ ಅಡ್ರಿನಲಿನ್ ಇರುತ್ತದೆ. ಅಡ್ರಿನಲಿನ್ ಹೃದಯವನ್ನು ಓಡಿಸುವ ವಸ್ತು. ಲಿಡೋಕೇನ್ ಮಿತಿ ಮೀರಿದರೆ ಹೃದಯದ ಬಡಿತದ ಲಯವೇ ತಪ್ಪುತ್ತದೆ. ಸಾಮಾನ್ಯವಾಗಿ ಹೇಳುವ ಮೇಲ್ಮಿತಿ ದೇಹತೂಕದ ಕಿಲೊಗೆ 35 ಮಿಲಿಗ್ರಾಂ. ಕೊಬ್ಬಿನಿಂದ ಅದು ನಿಧಾನವಾಗಿ ರಕ್ತಕ್ಕೆ ಇಳಿಯುವುದರಿಂದ ಗರಿಷ್ಠ ಪ್ರಮಾಣ ಮುಟ್ಟುವುದು ಸುಮಾರು 12 ಗಂಟೆ ಕಳೆದ ಮೇಲೆ, ಅಂದರೆ ನೀವು ಮನೆಗೆ ಬಂದು ಮಲಗಿದಾಗ. ನೀವು ತೆಗೆದುಕೊಳ್ಳುವ ಮೆಟೊಪ್ರೊಲಾಲ್‌ನಂಥ ಹೃದಯದ ಬಡಿತ ತಗ್ಗಿಸುವ ಬೀಟಾ ಬ್ಲಾಕರ್‌ಗಳಿಂದ ಯಕೃತ್ತು ಲಿಡೋಕೇನನ್ನು ಹೊರಹಾಕುವುದು ಇನ್ನೂ ತಡವಾಗಬಹುದು. ಅದಕ್ಕಾಗಿ ಮೆಟೊಪ್ರೊಲಾಲ್ ನಿಲ್ಲಿಸಬೇಡಿ, ದಿಢೀರನೆ ಬಿಟ್ಟರೆ ಅದೂ ಅಪಾಯವೇ. ಲಿಡೋಕೇನ್ ಲೆಕ್ಕ ಹಾಕುವವರಿಗೆ ಅದು ಗೊತ್ತಿರಬೇಕು, ಅಷ್ಟೇ. ತುಂಬಿದ ದ್ರವದ ಬಹುಪಾಲು ಕೊನೆಗೆ ರಕ್ತಕ್ಕೇ ಸೇರುತ್ತದೆ. ಹೃದಯದ ಪಂಪ್ ದುರ್ಬಲವಾಗಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬೀತು.

ಟಮ್ಮಿ ಟಕ್‌ಗೆ ಅದರದೇ ಇನ್ನೊಂದು ಅಪಾಯವಿದೆ. ಹೊಟ್ಟೆಯ ಸ್ನಾಯುಗಳನ್ನು ಎಳೆದು ಹೊಲಿದಾಗ ಒಳಗಿನ ಒತ್ತಡ ಏರಿ, ಕಾಲಿನಿಂದ ರಕ್ತ ಮೇಲೆ ಬರುವುದು ನಿಧಾನವಾಗುತ್ತದೆ. ಕಾಲಿನಲ್ಲಿ ಕಟ್ಟಿದ ಹೆಪ್ಪು ಶ್ವಾಸಕೋಶಕ್ಕೆ ಹಾರಬಹುದು. ಎರಡು ಶಸ್ತ್ರಚಿಕಿತ್ಸೆಗಳನ್ನು ಒಂದೇ ಸಲ ಮಾಡಿಸಿಕೊಂಡರೆ ಮಲಗುವ ಗಂಟೆಗಳು ಹೆಚ್ಚುತ್ತವೆ, ಆ ಅಪಾಯವೂ ಹೆಚ್ಚುತ್ತದೆ. ನಿಮ್ಮಂಥವರು ಒಂದೊಂದಾಗಿಯೇ ಮಾಡಿಸಿಕೊಳ್ಳಬೇಕು.

ಕೊಬ್ಬು ತೆಗೆಸಿದರೆ ಹೃದಯಕ್ಕೂ ಒಳ್ಳೆಯದು ಎಂದೂ ನಾದಿನಿ ಹೇಳಿದ್ದಾರಲ್ಲ, ಅದೂ ಸುಳ್ಳು. ಲೈಪೊಸಕ್ಷನ್ ತೆಗೆಯುವುದು ಚರ್ಮದಡಿಯ ಕೊಬ್ಬು. ಹೃದಯಕ್ಕೆ ಹೆಚ್ಚು ಕೇಡು ಮಾಡುವುದು ಕರುಳಿನ ಸುತ್ತಲಿನ ಕೊಬ್ಬು, ಅದನ್ನು ಮುಟ್ಟುವುದೇ ಇಲ್ಲ. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸ್ಥೂಲಕಾಯದ ಮಹಿಳೆಯರ ಹೊಟ್ಟೆಯಿಂದ ಕಿಲೊಗಟ್ಟಲೆ ಕೊಬ್ಬು ತೆಗೆದರೂ ರಕ್ತದೊತ್ತಡ, ಕೊಲೆಸ್ಟ್ರಾಲ್, ಇನ್ಸುಲಿನ್ ಕೆಲಸ ಯಾವುದೂ ಸುಧಾರಿಸಲಿಲ್ಲ. ನಡೆದು, ಊಟ ಬದಲಿಸಿ ನೀವು ಇಳಿಸಿದ ಆ 16 ಕಿಲೊ ಹೃದಯಕ್ಕೆ ಮಾಡಿದ ಉಪಕಾರವೇ ಬೇರೆ.

ಇದನ್ನು ಓದುತ್ತಿರುವ ಬೇರೆಯವರಿಗೆ ಎರಡು ಮಾತು. ಪೇಸ್‌ಮೇಕರ್ ಇದ್ದರೆ ರೇಡಿಯೊ ಫ್ರೀಕ್ವೆನ್ಸಿಯಿಂದ ಚರ್ಮ ಬಿಗಿಗೊಳಿಸುವ ಯಂತ್ರದ ಹತ್ತಿರ ಹೋಗುವ ಮುನ್ನವೇ ಹೇಳಿ. ಚರ್ಮದ ಮೇಲ್ಪದರ ಸುಲಿಯಲು ಮುಖಕ್ಕೆ ಹಚ್ಚುವ ಗಾಢ ಫೀನಾಲ್ ಪೀಲ್ ಹೃದಯದ ಲಯ ತಪ್ಪಿಸಬಲ್ಲದು, ಹೃದ್ರೋಗಿಗಳಿಗೆ ಅದು ಬೇಡವೇ ಬೇಡ.

ಅಮ್ಮಾ, ನಿಮಗೆ ಒಂದೇ ಕೆಲಸ ಕೊಡುತ್ತೇನೆ. ನಾಳೆ ಬೆಳಿಗ್ಗೆ ಕ್ಲಿನಿಕ್‌ಗೆ ಫೋನ್ ಮಾಡಿ, ಸ್ಟೆಂಟ್ ಇದೆ, ಫಾರಂನಲ್ಲಿ ಬರೆದಿರಲಿಲ್ಲ ಎಂದು ಹೇಳಿ ತಾರೀಖು ರದ್ದು ಮಾಡಿಸಿ. ಮುಂಗಡ ಹೋದರೆ ಹೋಗಲಿ. ಮಾತ್ರೆ ಈಗಾಗಲೇ ಬಿಟ್ಟಿದ್ದರೆ ಇಂದೇ ಹೃದ್ರೋಗ ತಜ್ಞರನ್ನು ಕೇಳಿ, ನೀವಾಗಿಯೇ ಎರಡು ದಿನದ್ದನ್ನು ಒಟ್ಟಿಗೆ ನುಂಗಬೇಡಿ. ಎದೆ ಹಿಡಿದಂತಾದರೆ, ಉಸಿರು ಕಟ್ಟಿದರೆ ಯಾರ ಸಲಹೆಗೂ ಕಾಯದೆ ಆಂಬುಲೆನ್ಸ್ ಕರೆಸಿ.

ವರ್ಷ ತುಂಬಿದ ಮೇಲೆ ಮತ್ತೆ ಹೊರಡಿ, ಈ ಸಲ ಮೊದಲು ಹೃದ್ರೋಗ ತಜ್ಞರ ಬಳಿಗೆ. ಎರಡು ಮಹಡಿ ಮೆಟ್ಟಿಲನ್ನು ನಿಲ್ಲದೆ ಹತ್ತಲು ಆಗುತ್ತದೆಯೇ ಎಂದು ಅವರು ಕೇಳುತ್ತಾರೆ, ನಿಜ ಹೇಳಿ. ಮಲಗಿಸಿ ತೆಗೆದ ಇಸಿಜಿ ಚೆನ್ನಾಗಿದೆ ಎಂಬುದೊಂದೇ ಸಾಲದು. ಯಾವ ಮಾತ್ರೆ ಯಾವ ದಿನ ನಿಲ್ಲಬೇಕು, ಯಾವ ದಿನ ಮತ್ತೆ ಶುರುವಾಗಬೇಕು ಎಂದು ಅವರಿಂದ ಬರೆಸಿಕೊಂಡು, ಸ್ಟೆಂಟ್ ಹಾಕಿದ ದಿನ, ಜಾಗ, ಕಂಪನಿ ಇರುವ ಕಾರ್ಡಿನ ನಕಲಿನೊಂದಿಗೆ ಸರ್ಜನ್‌ಗೂ ಅರಿವಳಿಕೆ ತಜ್ಞರಿಗೂ ಕೊಡಿ. ರಾತ್ರಿ ಉಳಿಸಿಕೊಂಡು ಹೃದಯದ ಬಡಿತ ನೋಡಿಕೊಳ್ಳುವ ವ್ಯವಸ್ಥೆ ಇರುವ ಆಸ್ಪತ್ರೆಯನ್ನೇ ಆರಿಸಿ. ಶಸ್ತ್ರಚಿಕಿತ್ಸೆಯ ನಂತರ ಹೃದಯಾಘಾತ ಬಂದರೆ ಹೆಚ್ಚಾಗಿ ಮೊದಲ 2-3 ದಿನದಲ್ಲಿ, ಅದೂ ನೋವು ನಿವಾರಕಗಳ ಅಮಲಿನಲ್ಲಿ ಎದೆನೋವೇ ಗೊತ್ತಾಗದಂತೆ ಬರುತ್ತದೆ. ಆ ದಿನಗಳಲ್ಲಿ ಜೊತೆಗಿರಲು ನಿಮ್ಮ ಗಂಡನನ್ನು ಕರೆದುಕೊಂಡು ಹೋಗಿ. ನಾದಿನಿ ಬೇಡ.